ಬೀಗದಕೈ ಗೊಂಚಲಿನ ಪರೀಕ್ಷೆ

ಕಾರ್ಡ್‌ಲೆಸ್ ಮೈಕ್ ಒಳ್ಳೆಯದೋ ಅಲ್ಲವೋ ಎಂದು ನೋಡಲು ಸಿನಿಮಾದ ಸೌಂಡ್ ರೆಕಾರ್ಡಿಸ್ಟ್‌ಗಳು ಜೇಬಿನಿಂದ ಬೀಗದಕೈ ಗೊಂಚಲು ತೆಗೆದು ಮೈಕಿನ ಹತ್ತಿರ ಅಲ್ಲಾಡಿಸುತ್ತಾರೆ. ಹೆಡ್‌ಫೋನಿನಲ್ಲಿ ಗಿಲಗಿಲ ಎಂದು ಬೀಗದಕೈ ಸದ್ದೇ ಕೇಳಿದರೆ ಮೈಕ್ ಪಾಸು. ಯಾರೋ ಚಿಪ್ಸ್ ಪೊಟ್ಟಣ ಹಿಸುಕಿದ ಹಾಗೆ ಚರಚರ ಕೇಳಿದರೆ ಅದು ನಪಾಸು. ಹಾಡಿಗೂ ಮಾತಿಗೂ ಸಿಕ್ಕಿಬೀಳದ ಮೈಕು ಈ ಗೊಂಚಲಿಗೆ ಸಿಕ್ಕಿಬೀಳುತ್ತದೆ.

ಈ ಪರೀಕ್ಷೆಯಲ್ಲಿ ಗೆದ್ದು ಹೆಸರು ಮಾಡಿದ ಕಂಪನಿ ಅಮೆರಿಕದ ಲೆಕ್ಟ್ರೊಸಾನಿಕ್ಸ್. 1971ರಲ್ಲಿ ಶುರುವಾದ ಇದರ ಕಾರ್ಖಾನೆ ಇರುವುದು ನ್ಯೂ ಮೆಕ್ಸಿಕೋ ರಾಜ್ಯದ ರಿಯೊ ರಾಂಚೊ ಊರಿನಲ್ಲಿ. ಹಾಲಿವುಡ್ ಸೆಟ್‌ಗಳಲ್ಲಿ ನಟರ ಬಟ್ಟೆಯೊಳಗೆ ಅಡಗಿರುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಲೋಹದ ಟ್ರಾನ್ಸ್‌ಮಿಟರ್ ಬಹಳ ಸಲ ಇವರದೇ. 2025ರಲ್ಲಿ ಈ ಕಂಪನಿಯನ್ನು ಆಸ್ಟ್ರೇಲಿಯಾದ ಸಿಡ್ನಿಯ ಫ್ರೀಡ್‌ಮನ್ ಗ್ರೂಪ್ ಕೊಂಡುಕೊಂಡಿತು. ಆ ಹೆಸರು ಹೊಸದೆನಿಸಿದರೂ ಅವರ ಸಾಮಾನು ನಮಗೆ ಹೊಸದಲ್ಲ. ಯೂಟ್ಯೂಬ್ ಸಂದರ್ಶನಗಳಲ್ಲಿ ಅತಿಥಿಯ ಕಾಲರಿಗೆ ಸಿಕ್ಕಿಸಿರುವ ಪುಟ್ಟ ಕಪ್ಪು ಚೌಕ ಡಬ್ಬಿಯನ್ನು ನೋಡಿದ್ದೀರಲ್ಲ, 2019ರಲ್ಲಿ ಅದನ್ನು ಜನಪ್ರಿಯ ಮಾಡಿದ ರೋಡ್ ಕಂಪನಿ ಈ ಗ್ರೂಪಿನದೇ.

ಕಾಲರ್ ಡಬ್ಬಿ ಮಾಡಿ ಗೆದ್ದವರಿಗೆ ಮರುಭೂಮಿಯ ಊರಿನ ಹಳೆಯ ಕಾರ್ಖಾನೆ ಯಾಕೆ ಬೇಕಾಯಿತು? ಉತ್ತರಕ್ಕೆ ಬೀಗದಕೈಗೇ ಹಿಂದಿರುಗಬೇಕು.

ಪಿಸುಮಾತಿನಿಂದ ಕಿರುಚಾಟದವರೆಗೆ ಸದ್ದಿನ ಹರವು ಬಹಳ ದೊಡ್ಡದು. ಹಳೆಯ ಎಫ್‌ಎಂ ಕಾರ್ಡ್‌ಲೆಸ್ ಮೈಕಿಗೆ ಸಿಗುವ ರೇಡಿಯೋ ದಾರಿಯಲ್ಲಿ ಅದು ಹಿಡಿಸುವುದಿಲ್ಲ. ಸಣ್ಣ ಸದ್ದು ರೇಡಿಯೋದ ಸುಯ್ಯೆನ್ನುವ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದಕ್ಕೆ ಎಂಜಿನಿಯರುಗಳು ಒಂದು ಉಪಾಯ ಹೂಡಿದರು. ಹಾಸಿಗೆಯನ್ನು ಸುರುಳಿ ಸುತ್ತಿ ಬಸ್ಸಿನ ಮೇಲೆ ಹಾಕಿ, ಮನೆ ತಲುಪಿದ ಮೇಲೆ ಬಿಡಿಸಿದಂತೆ, ಟ್ರಾನ್ಸ್‌ಮಿಟರಿನಲ್ಲಿ ಸದ್ದಿನ ಏರಿಳಿತವನ್ನು ಅರ್ಧಕ್ಕೆ ಕುಗ್ಗಿಸಿ ಕಳಿಸುವುದು, ರಿಸೀವರಿನಲ್ಲಿ ಎರಡರಷ್ಟು ಹಿಗ್ಗಿಸುವುದು. ಇದನ್ನು ಮಾಡುವ ಸರ್ಕಿಟ್ಟಿಗೆ ಕಂಪ್ಯಾಂಡರ್ ಎಂದು ಹೆಸರು. ಮಾತಿಗೆ ಇದು ಸಾಕು. ಆದರೆ ಬೀಗದಕೈ ಒಂದಕ್ಕೊಂದು ತಾಗಿದಾಗ ಸದ್ದು ಕಣ್ಣುಮಿಟುಕಿಸುವುದಕ್ಕೂ ಮೊದಲೇ ಏರಿ ಇಳಿದಿರುತ್ತದೆ. ಜೊತೆಗೆ ನಮ್ಮ ಕಿವಿಗೆ ಕೇಳದಷ್ಟು ಕೀರಲಾದ ಅಂಶವೂ ಅದರಲ್ಲಿ ಧಾರಾಳ. ಇಂಥ ಸದ್ದಿನ ಬೆನ್ನು ಹತ್ತಲಾರದೆ ಸರ್ಕಿಟ್ಟು ತಪ್ಪುತ್ತದೆ. ಆ ತಪ್ಪೇ ಚರಚರ.

ಲೆಕ್ಟ್ರೊಸಾನಿಕ್ಸ್‌ನವರು ಕಂಪ್ಯಾಂಡರನ್ನೇ ಕಿತ್ತುಹಾಕಿದರು. ಅವರ ವಿಧಾನದ ಹೆಸರು ಡಿಜಿಟಲ್ ಹೈಬ್ರಿಡ್. ಸದ್ದನ್ನು ಮೊದಲು ಅಂಕಿಗಳಾಗಿ ಮಾಡಿ, ಲೆಕ್ಕದ ಚಿಪ್ಪೊಂದು ಅದನ್ನು ಎಫ್‌ಎಂ ಅಲೆ ಹೊತ್ತೊಯ್ಯಬಲ್ಲ ರೂಪಕ್ಕೆ ಹೆಣೆಯುತ್ತದೆ; ಆ ಕಡೆ ಇನ್ನೊಂದು ಚಿಪ್ಪು ಹೆಣಿಗೆ ಬಿಚ್ಚುತ್ತದೆ. ಪೂರ್ತಿ ಡಿಜಿಟಲ್ ಆದರೆ ಸಿಗ್ನಲ್ ಸೋತ ಕಡೆ ಸದ್ದು ಫಕ್ಕನೆ ನಿಂತುಹೋಗುತ್ತದೆ. ಎಫ್‌ಎಂ ಹಾಗಲ್ಲ, ಮೆಲ್ಲಗೆ ಮಂಕಾಗುತ್ತದೆ. ರೆಕಾರ್ಡಿಸ್ಟ್ ಎಚ್ಚೆತ್ತುಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಇಷ್ಟೆಲ್ಲ ಲೆಕ್ಕಕ್ಕೆ ಹಿಡಿಯುವ ಸಮಯ ಸುಮಾರು 3 ಮಿಲಿಸೆಕೆಂಡು, ಅಂದರೆ ಗಾಳಿಯಲ್ಲಿ ಸದ್ದು ಒಂದು ಮೀಟರ್ ನಡೆಯುವಷ್ಟು ಹೊತ್ತು. ಈ ಕೆಲಸಕ್ಕಾಗಿ ಕಂಪನಿಯ ಮೂವರು ಎಂಜಿನಿಯರುಗಳಿಗೆ 2017ರಲ್ಲಿ ಆಸ್ಕರ್ ಅಕಾಡೆಮಿಯ ವಿಜ್ಞಾನ-ತಂತ್ರಜ್ಞಾನ ಪ್ರಶಸ್ತಿ ಬಂತು. ನನ್ನ ಮಟ್ಟಿಗೆ ಆ ಸಾಲಿನ ಯಾವ ನಟನ ಪ್ರಶಸ್ತಿಗೂ ಅದು ಕಡಿಮೆಯದಲ್ಲ.

ಕಾಲರ್ ಡಬ್ಬಿಯ ಲೋಕ ಬೇರೆ. ಅದು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯಾರ ಲೈಸೆನ್ಸೂ ಬೇಡದ ಬೀದಿ ಅದು, ಹಾಗಾಗಿ ವೈಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲವೂ ಅಲ್ಲೇ. ಅಲೆಯ ಉದ್ದ ಬರೀ ಹನ್ನೆರಡೂವರೆ ಸೆಂಟಿಮೀಟರ್. ನೀರೇ ತುಂಬಿದ ನಮ್ಮ ಮೈ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕಾಲರ್ ಮೈಕ್ ಹಾಕಿಕೊಂಡವರು ಬೆನ್ನು ತಿರುಗಿಸಿದೊಡನೆ ಮಾತು ತುಂಡುತುಂಡಾಗುವುದನ್ನು ನೀವೂ ಕೇಳಿರುತ್ತೀರಿ. ಲೆಕ್ಟ್ರೊಸಾನಿಕ್ಸ್ ನೆಚ್ಚಿಕೊಂಡಿರುವುದು ಮುಖ್ಯವಾಗಿ ಟಿವಿ ಚಾನೆಲ್‌ಗಳ ನಡುವಿನ ಖಾಲಿ ಜಾಗವಾದ ಯುಎಚ್‌ಎಫ್ ಪಟ್ಟಿಯನ್ನು. ಅಲ್ಲಿ ಅಲೆಯ ಉದ್ದ ಅರ್ಧ ಮೀಟರಿನ ಆಸುಪಾಸು. ಮೈಯನ್ನು ಬಳಸಿ ಮುಂದೆ ಹೋಗುತ್ತದೆ.

ಆದರೆ ಆ ಜಾಗವೇ ಕರಗುತ್ತಿದೆ. ಅಮೆರಿಕ ಸರ್ಕಾರ 2017ರ ಹರಾಜಿನ ಮೂಲಕ 614ರಿಂದ 698 ಮೆಗಾಹರ್ಟ್ಸ್‌ವರೆಗಿನ 84 ಮೆಗಾಹರ್ಟ್ಸ್ ಪಟ್ಟಿಯನ್ನು ಟಿವಿಯಿಂದ ಬಿಡಿಸಿಕೊಂಡಿತು. ಅದರ ಬಹುಪಾಲು ಮೊಬೈಲ್ ಕಂಪನಿಗಳ ಪಾಲಾಯಿತು. 2020ರ ಜುಲೈ ಹೊತ್ತಿಗೆ ಮೈಕುಗಳು ಅಲ್ಲಿಂದ ಗಂಟುಮೂಟೆ ಕಟ್ಟಬೇಕಾಯಿತು. ಉಳಿದ ಜಾಗದಲ್ಲಿ ಒತ್ತೊತ್ತಾಗಿ ಕೂರಿಸೋಣವೆಂದರೆ ಅದೂ ಆಗದು. 500 ಮತ್ತು 501 ಮೆಗಾಹರ್ಟ್ಸ್‌ನ ಎರಡು ಟ್ರಾನ್ಸ್‌ಮಿಟರ್ ಹತ್ತಿರ ಬಂದರೆ ಅವುಗಳ ಸರ್ಕಿಟ್ಟಿನಲ್ಲೇ 499 ಮತ್ತು 502ರಲ್ಲಿ ಪುಕ್ಕಟೆ ಭೂತಗಳೆರಡು ಹುಟ್ಟುತ್ತವೆ. ಆ ಜಾಗಗಳಲ್ಲಿ ಮೂರನೆಯ ಮೈಕ್ ಇಡುವಂತಿಲ್ಲ. ಇಪ್ಪತ್ತು ಮೈಕ್ ಇರುವ ಸೆಟ್ಟಿನಲ್ಲಿ ಈ ಭೂತಗಳ ಲೆಕ್ಕ ಎಷ್ಟಾಗಬಹುದು, ನೀವೇ ಊಹಿಸಿ. ಕಿಷ್ಕಿಂಧೆಯಂಥ ಜಾಗದಲ್ಲಿ ಅಷ್ಟೂ ಮೈಕುಗಳನ್ನು ಜಗಳವಿಲ್ಲದೆ ನಡೆಸುವ ವಿದ್ಯೆ ಪುಸ್ತಕ ಓದಿ ಬರುವಂಥದ್ದಲ್ಲ. ಐವತ್ತು ವರ್ಷಗಳ ಆ ಕೈಪಳಗಿಕೆಯೇ ಸಿಡ್ನಿಯವರು ಕೊಂಡದ್ದರಲ್ಲಿ ಬೆಲೆಬಾಳುವ ಭಾಗ ಎಂದು ನನಗನ್ನಿಸುತ್ತದೆ.

ಕೊಂಡವರು ಅದನ್ನು ಉಳಿಸಿಕೊಳ್ಳದೆಯೂ ಹೋಗಬಹುದು. 1947ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಎಕೆಜಿ ಹೆಸರಾಂತ ಮೈಕ್ ಕಂಪನಿ. ಅದನ್ನು ಮೊದಲು ಅಮೆರಿಕದ ಹರ್ಮನ್ ಕೊಂಡಿತು. 2017ರಲ್ಲಿ ಹರ್ಮನ್ನನ್ನೇ ಸ್ಯಾಮ್ಸಂಗ್ ಕೊಂಡಿತು. ಅದೇ ವರ್ಷ ವಿಯೆನ್ನಾದ ಘಟಕ ಮುಚ್ಚಿತು. ಹೆಸರು ಕೊರಿಯಾದವರ ಕೈಯಲ್ಲಿ ಉಳಿಯಿತು. ಕೆಲಸ ಬಲ್ಲವರಲ್ಲಿ ಕೆಲವರು ಹೊರಬಂದು ಆಸ್ಟ್ರಿಯನ್ ಆಡಿಯೊ ಎಂಬ ಹೊಸ ಕಂಪನಿ ಕಟ್ಟಿದರು.

ಸೌಂಡ್ ರೆಕಾರ್ಡಿಸ್ಟ್‌ಗಳ ಕಣ್ಣು ಈಗ ರಿಯೊ ರಾಂಚೊ ಮೇಲಿದೆ. ಲೆಕ್ಟ್ರೊಸಾನಿಕ್ಸ್‌ನ ಹೊಸ ಪೂರ್ತಿ ಡಿಜಿಟಲ್ ರಿಸೀವರುಗಳು ಅದರ ಹಳೆಯ ಹೈಬ್ರಿಡ್ ಟ್ರಾನ್ಸ್‌ಮಿಟರುಗಳ ಮಾತನ್ನೂ ಅರ್ಥಮಾಡಿಕೊಳ್ಳುತ್ತವೆ. ಹಾಗಾಗಿ ಹತ್ತು ಹದಿನೈದು ವರ್ಷ ದುಡಿದು, ಬಣ್ಣ ಸವೆದು ಅಲ್ಯೂಮಿನಿಯಂ ಹೊಳೆಯುತ್ತಿರುವ ಡಬ್ಬಿಗಳು ಇನ್ನೂ ಅವರ ಬ್ಯಾಗಿನಲ್ಲಿವೆ. ಅಂಥದ್ದೊಂದು ಕೆಟ್ಟು ರಿಪೇರಿಗೆ ಹೋದಾಗ ಅದನ್ನು ಬಿಚ್ಚಿ ಕೂರುವ ಕೈಗಳು ಯಾರವು ಎಂಬುದೇ ಅವರ ಪ್ರಶ್ನೆ.