ಹಿರೋಷಿಮಾದ ಮಜ್ದಾ ಮತ್ತು ಅದರ ತಿರುಗುಯಂತ್ರ

ಮಜ್ದಾ ಎಂಬ ಹೆಸರು ನಮ್ಮ ಕಿವಿಗೆ ತೀರ ಹೊಸದಲ್ಲ. ೧೯೮೦ರ ದಶಕದಲ್ಲಿ ಪಂಜಾಬಿನ ಟ್ರ್ಯಾಕ್ಟರ್ ಕಂಪನಿಯೊಂದರ ಸಹಯೋಗದಿಂದ ತಯಾರಾಗಲು ತೊಡಗಿದ ಸ್ವರಾಜ್ ಮಜ್ದಾ ಎಂಬ ಚಿಕ್ಕ ಲಾರಿಗಳನ್ನೂ ವ್ಯಾನುಗಳನ್ನೂ ನಮ್ಮ ರಸ್ತೆಗಳಲ್ಲಿ ಕಂಡವರು ಬಹಳ ಮಂದಿ. ಆದರೆ ಆ ಹೆಸರಿನ ಮೂಲವನ್ನು ವಿಚಾರಿಸಿದವರು ಕಡಮೆ. ಜಪಾನಿನ ಈ ಕಂಪನಿಯನ್ನು ಬೆಳೆಸಿದವರ ಮನೆತನದ ಹೆಸರು ಮತ್ಸುದ. ಆ ಹೆಸರಿನ ಧ್ವನಿಯೂ ಉಳಿಯಬೇಕು, ಪರದೇಶದವರ ನಾಲಗೆಗೂ ಒಗ್ಗಬೇಕು, ಅರ್ಥವೂ ದೊಡ್ಡದಿರಬೇಕು ಎಂದು ಅವರು ಆರಿಸಿಕೊಂಡದ್ದು ಪ್ರಾಚೀನ ಪಾರಸಿಕರ ಆರಾಧ್ಯದೈವವಾದ ಅಹುರ ಮಜ್ದಾನ ಹೆಸರನ್ನು. ಅವೆಸ್ತಾದ ‘ಅಹುರ’ ಶಬ್ದವೇ ಸಂಸ್ಕೃತದ ‘ಅಸುರ’ ಎಂದೂ, ‘ಮಜ್ದಾ’ ಶಬ್ದಕ್ಕೆ ನಮ್ಮ ‘ಮೇಧಾ’ ಶಬ್ದವೇ ಬಂಧುವೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕಂಪನಿ ಮೇಧೆಯನ್ನು ಮಾತ್ರ ಇಟ್ಟುಕೊಂಡು ಅಸುರನನ್ನು ಕೈಬಿಟ್ಟಿತು. ಆದರೆ ಒಂದು ವಿಚಿತ್ರ ಎಂಜಿನಿನ ಬೆನ್ನು ಹತ್ತಿ ಅದು ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿದ ಹಟವನ್ನು ನೋಡಿದರೆ, ಅಸುರನು ಅದನ್ನು ಪೂರ್ತಿಯಾಗಿ ಬಿಟ್ಟುಹೋಗಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ಆ ಹಟದ ವಿಚಾರವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಎಂಜಿನನ್ನು ಕಟ್ಟಿದವರದು ಅದರಲ್ಲಿ ಅರ್ಧ ಪಾಲು. ಕಾರನ್ನು ದುಡ್ಡು ಕೊಟ್ಟು ಕೊಂಡು, ಅದರ ಗುಣದೋಷಗಳೊಡನೆ ಸಂಸಾರ ಮಾಡಿದವರದು ಇನ್ನರ್ಧ.

೧೯೨೦ರಲ್ಲಿ ಹಿರೋಷಿಮಾ ನಗರದಲ್ಲಿ ಹುಟ್ಟಿದಾಗ ಈ ಕಂಪನಿಗೂ ವಾಹನಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಅದು ಸೀಸೆಗಳ ಬಾಯಿಗೂ ಯಂತ್ರಗಳ ಒಳಪದರಕ್ಕೂ ಬೇಕಾಗುವ ಬಿರಡೆಯ ಮರದ ತೊಗಟೆಯನ್ನು, ಅಂದರೆ ಕಾರ್ಕನ್ನು, ಮಾರುವ ಸಂಸ್ಥೆ. ಮರುವರ್ಷವೇ ಅದರ ಹೊಣೆ ಹೊತ್ತ ಜುಜಿರೊ ಮತ್ಸುದ ಅವರು ಮೀನುಗಾರರ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕಮ್ಮಾರನ ಕುಲುಮೆಯ ಬಳಿ ಕೆಲಸ ಕಲಿತವರು. ಕಬ್ಬಿಣದ ರುಚಿ ಕಂಡ ಕೈಗೆ ತೊಗಟೆ ಹಿಡಿಸಲಿಲ್ಲ. ೧೯೩೧ರಲ್ಲಿ ಮಜ್ದಾ ಎಂಬ ಹೆಸರು ಹೊತ್ತು ಹೊರಬಂದ ಮೊದಲ ವಾಹನ ಮೂರು ಗಾಲಿಯ ಸರಕುಗಾಡಿ.

೧೯೪೫ರ ಆಗಸ್ಟ್ ೬ನೆಯ ದಿನ ಜುಜಿರೊ ಮತ್ಸುದರಿಗೆ ಎಪ್ಪತ್ತು ತುಂಬಿತು. ಅಂದು ಬೆಳಿಗ್ಗೆ ಎಂಟೂಕಾಲಕ್ಕೆ ಹಿರೋಷಿಮಾದ ಮೇಲೆ ಏನು ಬಿದ್ದಿತೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ. ಕಾರ್ಖಾನೆ ನಗರದ ಮಧ್ಯದಿಂದ ಸುಮಾರು ಐದು ಕಿಲೋಮೀಟರು ಪೂರ್ವಕ್ಕಿತ್ತು. ನಡುವೆ ಹಿಜಿಯಾಮ ಎಂಬ ಒಂದು ಸಣ್ಣ ಗುಡ್ಡ. ಆ ದೂರ, ಆ ಗುಡ್ಡದ ಮರೆ, ಇವುಗಳಿಂದ ಕಟ್ಟಡಗಳು ಹೆಚ್ಚಾಗಿ ನಿಂತುಕೊಂಡವು. ಆದರೆ ಆ ಹೊತ್ತಿಗೆ ಊರೊಳಗಿದ್ದ ನೌಕರರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ. ಪ್ರಾಂತ್ಯದ ಸರಕಾರಕ್ಕೆ ಕುಳಿತುಕೊಳ್ಳಲು ಕಚೇರಿಯೇ ಇಲ್ಲದಾದಾಗ ಈ ಕಾರ್ಖಾನೆಯ ಕಟ್ಟಡವೇ ಸುಮಾರು ಒಂದು ವರ್ಷ ಅದಕ್ಕೆ ನೆಲೆಯಾಯಿತು. ಅದೇ ಡಿಸೆಂಬರಿನಲ್ಲಿ ಮೂರು ಗಾಲಿಯ ಗಾಡಿಗಳು ಮತ್ತೆ ತಯಾರಾಗಿ ಹೊರಬಂದವು. ಬೂದಿಯಾದ ಊರಿಗೆ ಮರಮುಟ್ಟು, ಧಾನ್ಯ, ಹಂಚು ಹೊತ್ತು ತರಲು ಗಾಡಿಗಳು ಬೇಕಿದ್ದವು. ಊರಿಗೂ ಈ ಕಾರ್ಖಾನೆಗೂ ಬೆಸುಗೆ ಬಿದ್ದದ್ದು ಹೀಗೆ. ಮುಂದಿನ ಸಂಗತಿಗಳು ತಿಳಿಯಬೇಕಾದರೆ ಇದನ್ನು ನೆನಪಿನಲ್ಲಿಡಬೇಕು.

೧೯೬೦ರ ಸುಮಾರಿಗೆ ಜಪಾನ್ ಸರಕಾರದ ಕೈಗಾರಿಕಾ ಸಚಿವಾಲಯಕ್ಕೆ ಒಂದು ಯೋಚನೆ ಬಂದಿತು. ದೇಶದಲ್ಲಿ ಕಾರು ಕಂಪನಿಗಳು ಹೆಚ್ಚಾದವು, ಎರಡು ಮೂರು ದೊಡ್ಡವುಗಳಲ್ಲಿ ಉಳಿದವು ಲೀನವಾದರೆ ಒಳ್ಳೆಯದು ಎಂಬುದೇ ಆ ಯೋಚನೆ. ಜುಜಿರೊ ಅವರ ಮಗ ತ್ಸುನೇಜಿ ಮತ್ಸುದ ಆಗ ಕಂಪನಿಯ ಅಧ್ಯಕ್ಷರು. ಬೇರೆ ಯಾರಲ್ಲಿಯೂ ಇಲ್ಲದ ಒಂದು ವಿದ್ಯೆ ತಮ್ಮಲ್ಲಿದ್ದರೆ ಮಾತ್ರ ತಮ್ಮ ಸ್ವಾತಂತ್ರ್ಯ ಉಳಿದೀತು ಎಂದು ಅವರಿಗೆ ತೋರಿತು. ಅಂಥದೊಂದು ವಿದ್ಯೆ ಜರ್ಮನಿಯಲ್ಲಿತ್ತು. ಫೆಲಿಕ್ಸ್ ವಾಂಕೆಲ್ ಎಂಬವರು ಕಲ್ಪಿಸಿದ ತಿರುಗುಯಂತ್ರವನ್ನು ಎನ್‌ಎಸ್‌ಯು ಎಂಬ ಅಲ್ಲಿಯ ಕಂಪನಿ ಬೆಳೆಸುತ್ತಿತ್ತು. ವಾಂಕೆಲ್ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವರಲ್ಲ. ದೃಷ್ಟಿಮಾಂದ್ಯವಿದ್ದ ಅವರು ಕಾರು ನಡೆಸುವ ಪರವಾನಗಿಯನ್ನೂ ಪಡೆದವರಲ್ಲವೆಂದು ಹೇಳುತ್ತಾರೆ. ೧೯೬೧ರಲ್ಲಿ ಹಿರೋಷಿಮಾದವರು ಎನ್‌ಎಸ್‌ಯುವಿನೊಡನೆ ಕರಾರು ಮಾಡಿಕೊಂಡರು.

ಈ ಎಂಜಿನಿನ ವೈಶಿಷ್ಟ್ಯವೇನು? ನಮ್ಮ ಅಡಿಗೆಮನೆಯ ಎರಡು ಸಾಧನಗಳನ್ನು ನೆನೆದರೆ ಸಾಕು. ಸಾಮಾನ್ಯ ಕಾರಿನ ಎಂಜಿನು ಒನಕೆಯ ಜಾತಿಯದು. ಪಿಸ್ಟನ್ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಪ್ರತಿ ಸಲವೂ ನಿಂತು ದಿಕ್ಕು ಬದಲಿಸುತ್ತದೆ. ಆ ಕುಟ್ಟಾಟವನ್ನು ಗಾಲಿಯ ತಿರುಗಾಟವಾಗಿ ಮಾರ್ಪಡಿಸಲು ಇನ್ನಷ್ಟು ದಂಡಗಳು, ಕವಾಟಗಳು. ವಾಂಕೆಲರದು ಒರಳುಕಲ್ಲಿನ ಜಾತಿ. ಗುಂಡು ತಾನೂ ತಿರುಗುತ್ತ ಗುಳಿಯ ಅಂಚನ್ನೂ ಸವರುತ್ತ ಸುತ್ತುವಂತೆ ಇಲ್ಲಿ ಉಬ್ಬಿದ ಬದಿಗಳ ಮೂರು ಮೂಲೆಯ ಎರಕದ ಕಬ್ಬಿಣದ ಗುಂಡೊಂದು ಸುತ್ತುತ್ತದೆ. ಗುಳಿಯ ಆಕಾರ ಮಾತ್ರ ದುಂಡಗಿಲ್ಲ; ಎರಡು ಬೀಜದ ಕಡಲೆಕಾಯಿಯಂತೆ ನಡುವಿನಲ್ಲಿ ತುಸು ಒಳಸರಿದಿದೆ. ಗುಂಡಿಗೂ ಗೋಡೆಗೂ ನಡುವೆ ಮೂರು ಕೋಣೆಗಳು ಉಂಟಾಗುತ್ತವೆ. ಸುತ್ತುತ್ತಿರುವಂತೆಯೇ ಅವು ಹಿಗ್ಗುತ್ತವೆ, ಕುಗ್ಗುತ್ತವೆ. ಒಂದು ಕೋಣೆ ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆಯುತ್ತಿರುವಾಗ ಇನ್ನೊಂದು ಅದನ್ನು ಅದುಮುತ್ತಿರುತ್ತದೆ, ಮತ್ತೊಂದರಲ್ಲಿ ಉರಿ ಹತ್ತಿರುತ್ತದೆ. ಕವಾಟಗಳಿಲ್ಲ, ಕುಟ್ಟಾಟವಿಲ್ಲ. ಎಂಜಿನು ಅಂಗೈ ಜೋಡಿಸಿದಷ್ಟು ಅಚ್ಚುಕಟ್ಟು. ಅದರ ಓಟ ವಿದ್ಯುತ್ ಮೋಟಾರಿನಷ್ಟು ನಯ.

ಕಾಗದದ ಮೇಲೆ ಇದು ಚೆಲುವಾದ ವಿಚಾರ. ಆದರೆ ಮೂರು ಕೋಣೆಗಳ ಅನಿಲ ಒಂದರಿಂದ ಇನ್ನೊಂದಕ್ಕೆ ನುಸುಳಬಾರದಷ್ಟೆ. ಅದಕ್ಕಾಗಿ ಗುಂಡಿನ ಮೂರು ಮೂಲೆಗಳಲ್ಲಿಯೂ ಒಂದೊಂದು ತೆಳುವಾದ ಪಟ್ಟಿ, ಅಂದರೆ ಸೀಲು, ಗೋಡೆಗೆ ಅಂಟಿಕೊಂಡೇ ಜಾರಬೇಕು. ಒರಳೂ ಗುಂಡೂ ಒಂದನ್ನೊಂದು ಸವೆಸುವುದು ಪ್ರಕೃತಿಧರ್ಮ. ಹಿರೋಷಿಮಾದಲ್ಲಿ ಪರೀಕ್ಷೆಗೆ ಹಚ್ಚಿದ ಎಂಜಿನುಗಳನ್ನು ಬಿಚ್ಚಿ ನೋಡಿದಾಗ ಹೊಳೆಯುವ ಗೋಡೆಯ ತುಂಬ ಅಲೆಅಲೆಯಾಗಿ ಗೀರುಗಳು. ಎಂಜಿನಿಯರುಗಳು ಅವನ್ನು ದೆವ್ವದ ಉಗುರುಗೀರುಗಳೆಂದು ಕರೆದರು.

೧೯೬೩ರಲ್ಲಿ ಇದಕ್ಕಾಗಿಯೇ ತೆರೆದ ಸಂಶೋಧನಾ ವಿಭಾಗಕ್ಕೆ ಕೆನಿಚಿ ಯಾಮಾಮೊಟೊ ಮುಖ್ಯಸ್ಥರಾದರು. ಅವರ ಪಡೆಯಲ್ಲಿದ್ದವರು ನಲವತ್ತೇಳು ಮಂದಿ. ಒಡೆಯನ ಸಾವಿನ ಸೇಡು ತೀರಿಸಿ ತಾವೂ ಸಾವಿಗೆ ಸಂದ ನಲವತ್ತೇಳು ಸಮುರಾಯಿಗಳ ವೃತ್ತಾಂತ ಜಪಾನಿನಲ್ಲಿ ಮನೆಮಾತು. ಈ ಎಂಜಿನಿಯರುಗಳಿಗೂ ಅದೇ ಹೆಸರು ಅಂಟಿಕೊಂಡಿತು. ಗೀರುಗಳಿಗೆ ಕಾರಣ ಸೀಲಿನ ಗಡಸುತನವಷ್ಟೇ ಅಲ್ಲ, ಜಾರುವಾಗ ಅದು ತನ್ನದೇ ಲಯದಲ್ಲಿ ಕಂಪಿಸುವುದು ಎಂದು ಅವರು ಕಂಡುಕೊಂಡರು. ವೀಣೆಯ ತಂತಿಯ ದಪ್ಪ ಬದಲಾದರೆ ಸ್ವರ ಬದಲಾಗುವುದಿಲ್ಲವೇ? ಹಾಗೆಯೇ ಸೀಲಿನ ತುದಿಯಲ್ಲಿ ಅಡ್ಡಲಾಗಿ ತೂತು ಕೊರೆದು ಅದರ ಕಂಪನವನ್ನು ಬದಲಿಸಿ ನೋಡಿದರು. ಕೊನೆಗೆ ಇಂಗಾಲದೊಳಗೆ ಅಲ್ಯುಮಿನಿಯಮನ್ನು ಇಳಿಸಿ ಮಾಡಿದ ಸೀಲು ಕೈಹಿಡಿಯಿತು. ೧೯೬೭ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರು ಮಾರಾಟಕ್ಕೆ ಬಂದಿತು. ಮರುವರ್ಷ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ ಎಂಬತ್ತನಾಲ್ಕು ಗಂಟೆ ನಡೆದ ಓಟದಲ್ಲಿ ಅದು ನಾಲ್ಕನೆಯ ಸ್ಥಾನ ಪಡೆಯಿತು.

ತವರಿನಲ್ಲಿ ಆದದ್ದು ಬೇರೆ. ೧೯೬೭ರಲ್ಲಿಯೇ ಎನ್‌ಎಸ್‌ಯು ಆರ್‌ಓ-೮೦ ಎಂಬ ಸೊಗಸಾದ ಕಾರನ್ನು ಹೊರತಂದಿತು. ಪಂಡಿತರು ಹೊಗಳಿದರು, ಪ್ರಶಸ್ತಿ ಕೊಟ್ಟರು. ಆದರೆ ಕೊಂಡವರ ಕಾರುಗಳಲ್ಲಿ ಸೀಲುಗಳು ಬಹುಬೇಗ ಸವೆದವು. ಕಂಪನಿ ಕರಾರಿನಂತೆ ಪುಕ್ಕಟೆಯಾಗಿ ಎಂಜಿನು ಬದಲಿಸಿಕೊಡುತ್ತ ಬಳಲಿತು. ೧೯೬೯ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಕೂಡಿಕೊಂಡು ತನ್ನತನವನ್ನು ಕಳೆದುಕೊಂಡಿತು. ಆ ಕಾರಿನ ಮಾಲೀಕರು ದಾರಿಯಲ್ಲಿ ಎದುರಾದಾಗ ಕೈಯೆತ್ತಿ ಬೆರಳು ತೋರಿಸುತ್ತಿದ್ದರಂತೆ. ಎಷ್ಟು ಬೆರಳೋ ಅಷ್ಟು ಎಂಜಿನು ಬದಲಾಗಿದೆ ಎಂದರ್ಥ. ಇದು ನಗೆಮಾತಾಗಿ ಹಬ್ಬಿದರೂ ಮಾಲೀಕರ ಬವಣೆಯನ್ನು ಇಷ್ಟು ಚಿಕ್ಕದಾಗಿ ಹೇಳಿದ ಮಾತು ಬೇರೊಂದಿಲ್ಲ.

ಮಜ್ದಾದ ಸರದಿ ೧೯೭೩ರಲ್ಲಿ ಬಂದಿತು. ೧೯೭೦ರಲ್ಲಿ ಅಮೆರಿಕಕ್ಕೆ ಕಾಲಿಟ್ಟಿದ್ದ ಅದರ ಕಾರುಗಳು ಅಲ್ಲಿ ಬಿರುಸಾಗಿ ಮಾರಾಟವಾಗುತ್ತಿದ್ದವು. ಜನರಲ್ ಮೋಟಾರ್ಸಿನಂಥ ದೈತ್ಯ ಸಂಸ್ಥೆಯೂ ವಾಂಕೆಲ್ ಎಂಜಿನಿನ ಹಕ್ಕನ್ನು ಕೊಂಡಿತ್ತು. ಅಷ್ಟರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದವು. ತಿರುಗುಯಂತ್ರದ ಒಂದು ದೋಷ ಆಗ ಬೀದಿಗೆ ಬಂದಿತು. ಅದರ ಉರಿಯುವ ಕೋಣೆ ಉದ್ದವಾಗಿ, ತೆಳುವಾಗಿ, ಸದಾ ಓಡುತ್ತಿರುವಂಥದು. ಗೋಡೆಗೆ ತಾಗಿ ಶಾಖ ಸೋರುತ್ತದೆ, ಪೆಟ್ರೋಲು ಪೂರ್ತಿ ಉರಿಯದೆ ಹೊರಹೋಗುತ್ತದೆ. ಊರೊಳಗಿನ ಓಡಾಟದಲ್ಲಿ ಈ ಕಾರು ಗ್ಯಾಲನ್ನಿಗೆ ಹತ್ತು ಮೈಲಿಯ ಆಸುಪಾಸಿನಲ್ಲಿ ಮಾತ್ರ ಓಡುತ್ತದೆಂದು ಅಮೆರಿಕ ಸರಕಾರದ ಪರಿಸರ ಇಲಾಖೆ ಪ್ರಕಟಿಸಿತು. ಪೆಟ್ರೋಲು ಬಂಕಿನ ಮುಂದೆ ಸಾಲುಗಟ್ಟಿ ನಿಂತವರು ಮೊನ್ನೆ ಮೊನ್ನೆ ಕೊಂಡ ಹೊಸ ಕಾರನ್ನು ಶಪಿಸಿದ್ದರೆ ಅದನ್ನು ತಪ್ಪೆನ್ನುವವರಾರು? ಜನರಲ್ ಮೋಟಾರ್ಸ್ ತನ್ನ ಯೋಜನೆಯನ್ನು ಕೈಬಿಟ್ಟಿತು. ಹಿರೋಷಿಮಾದ ಅಂಗಳದಲ್ಲಿ ಮಾರಾಟವಾಗದ ಕಾರುಗಳು ಕೂಡಿಬಿದ್ದವು.

ಊರು ಆಗ ಕಾರ್ಖಾನೆಯ ಕೈಬಿಡಲಿಲ್ಲ. ಸುಮಿತೊಮೊ ಬ್ಯಾಂಕು ಸಾಲ ಕೊಟ್ಟು ತನ್ನ ಅಧಿಕಾರಿಗಳನ್ನೂ ಕಳಿಸಿತು. ಸಾವಿರಾರು ಮಂದಿ ಕಾರ್ಮಿಕರನ್ನು ಮನೆಗೆ ಕಳಿಸುವ ಬದಲು ದೇಶದ ಬೇರೆ ಬೇರೆ ಊರುಗಳಿಗೆ ಕಾರು ಮಾರಲು ಕಳಿಸಲಾಯಿತು. ನಿನ್ನೆಯವರೆಗೆ ಬೋಲ್ಟು ಬಿಗಿಯುತ್ತಿದ್ದ ಕೈಗಳು ಅಪರಿಚಿತರ ಬಾಗಿಲು ತಟ್ಟಿದವು. ಕಂಪನಿಯ ಹೆಸರಿನ ಒಂದು ತುಣುಕನ್ನು ಹೊತ್ತಿದ್ದ ಊರಿನ ಬೇಸ್‌ಬಾಲ್ ತಂಡ ಅದೇ ೧೯೭೫ರಲ್ಲಿ ಮೊದಲ ಬಾರಿಗೆ ತನ್ನ ಲೀಗಿನ ಪಟ್ಟ ಗೆದ್ದಿತು. ಅಂಥ ವರ್ಷದಲ್ಲಿ ಅಂಥದೊಂದು ಗೆಲವು ಜನಕ್ಕೆ ಏನಾಗಿ ಕಂಡಿತೆಂಬುದನ್ನು ಊಹಿಸಬಹುದು. ೧೯೭೭ರಲ್ಲಿ ಮತ್ಸುದ ಮನೆತನದ ಅಧ್ಯಕ್ಷತೆ ಮುಗಿಯಿತು. ೧೯೭೯ರಲ್ಲಿ ಅಮೆರಿಕದ ಫೋರ್ಡ್ ನಾಲ್ಕನೆಯ ಒಂದು ಪಾಲನ್ನು ಕೊಂಡಿತು. ಅನ್ನ ಸಂಪಾದಿಸಿಕೊಟ್ಟದ್ದು ಒನಕೆಯ ಜಾತಿಯ ಸಾಧಾರಣ ಕಾರುಗಳೇ. ಆದರೂ ತಿರುಗುಯಂತ್ರವನ್ನು ಬಿಡಲಿಲ್ಲ. ಇಂಧನದ ಖರ್ಚನ್ನು ಗಣನೀಯವಾಗಿ ತಗ್ಗಿಸಿ ೧೯೭೮ರಲ್ಲಿ ಆರ್‌ಎಕ್ಸ್-೭ ಎಂಬ ಎರಡಾಸನದ ಹಗುರ ಕಾರನ್ನು ತಂದರು. ಮೂರು ತಲೆಮಾರುಗಳಲ್ಲಿ, ೨೦೦೨ರವರೆಗೆ, ಅದು ಎಂಟು ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಈ ಕಾರನ್ನು ಇಟ್ಟುಕೊಂಡವರ ದಿನಚರಿ ಸ್ವಾರಸ್ಯವಾದದ್ದು. ಸೀಲುಗಳು ಒಣಗಬಾರದೆಂದು ಎಂಜಿನು ತಾನಾಗಿಯೇ ಸ್ವಲ್ಪ ಸ್ವಲ್ಪ ಎಣ್ಣೆಯನ್ನು ಒಳಗೆ ಚಿಮುಕಿಸಿಕೊಂಡು ಸುಡುತ್ತದೆ. ಬೇರೆ ಕಾರಿನಲ್ಲಿ ಎಣ್ಣೆ ಕಡಮೆಯಾದರೆ ರೋಗ. ಇದರಲ್ಲಿ ಅದೇ ಆರೋಗ್ಯ. ಆದ್ದರಿಂದ ಪೆಟ್ರೋಲು ತುಂಬಿಸಿದಾಗಲೆಲ್ಲ ಬಾನೆಟ್ ಎತ್ತಿ ಎಣ್ಣೆಯ ಕಡ್ಡಿಯನ್ನು ಎಳೆದು ನೋಡುವುದು ಮಾಲೀಕನ ಅಭ್ಯಾಸವಾಗಬೇಕು. ತಣ್ಣಗಿರುವ ಕಾರನ್ನು ಶುರುಮಾಡಿ, ಅಂಗಳದಲ್ಲಿ ಹತ್ತಡಿ ಸರಿಸಿ, ತಕ್ಷಣ ನಿಲ್ಲಿಸಬಾರದು. ನಿಲ್ಲಿಸಿದರೆ ಉರಿಯದ ಪೆಟ್ರೋಲು ಒಳಗೋಡೆಯ ಎಣ್ಣೆಯ ಪದರವನ್ನು ತೊಳೆದುಬಿಡುತ್ತದೆ, ಮುಂದಿನ ಸಲ ಕಾರು ಏಳುವುದಿಲ್ಲ. ನೆರೆಯವರಿಗೆ ದಾರಿ ಬಿಡಲೆಂದು ಕಾರು ಸರಿಸಿದವನು ಎಂಜಿನು ಬೆಚ್ಚಗಾಗುವವರೆಗೆ ಸುಮ್ಮನೆ ಕುಳಿತಿರುವುದನ್ನು ಕಂಡು ಜನ ಏನೆಂದುಕೊಳ್ಳುತ್ತಿದ್ದರೋ! ಇನ್ನೊಂದು ವಿಶೇಷ: ಓಟ ಎಷ್ಟು ನಯವೆಂದರೆ ಎಂಜಿನು ಮಿತಿಮೀರಿ ಸುತ್ತುತ್ತಿರುವುದು ಚಾಲಕನ ಅರಿವಿಗೆ ಬರುವುದೇ ಇಲ್ಲ. ಅದಕ್ಕಾಗಿ ಒಂದು ಎಚ್ಚರಿಕೆಯ ಕೂಗುಗಂಟೆಯನ್ನೇ ಇಟ್ಟಿದ್ದರು. ದಣಿವನ್ನು ತೋರಿಸಿಕೊಳ್ಳದ ಕುದುರೆಯ ಸವಾರನಿಗೆ ಹೊರಗಿನವರು ಹೇಳಬೇಕಾಗುತ್ತದಲ್ಲ, ಹಾಗೆ.

ಹೀಗೆ ಕೇಳಿಕೊಳ್ಳುವ ಯಂತ್ರದ ಮೇಲೆ ಜನಕ್ಕೆ ಬೇಸರ ಬರಬೇಕಿತ್ತು. ಬಹಳ ಮಂದಿಗೆ ಬಂದಿತು ಕೂಡ. ಆದರೆ ಉಳಿದವರ ಮೋಹ ಗಾಢವಾಯಿತು. ಸೀಲು ಸವೆದ ಎಂಜಿನನ್ನು ಬಿಚ್ಚಿ ಮತ್ತೆ ಜೋಡಿಸುವ ವಿದ್ಯೆಯನ್ನು ಮನೆಯ ಷೆಡ್ಡಿನಲ್ಲಿಯೇ ಕಲಿತವರು ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ, ಜಪಾನಿನಲ್ಲಿ ಎಷ್ಟೋ ಜನ ಇದ್ದಾರೆ. ಇದನ್ನು ನಿಷ್ಠೆಯೆಂದು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಪೂರ್ತಿ ಒಪ್ಪಿಗೆಯಿಲ್ಲ. ಕಂಪನಿಯ ಪ್ರಯೋಗದ ಒಂದಂಶದ ಖರ್ಚನ್ನು ಕೊಂಡವರು ತಮ್ಮ ಜೇಬಿನಿಂದ ತೆತ್ತರೆಂಬುದೂ ನಿಜವೇ. ೨೦೦೩ರಲ್ಲಿ ಬಂದ ಆರ್‌ಎಕ್ಸ್-೮ ಇದಕ್ಕೆ ಸಾಕ್ಷಿ. ಅದರ ಎಂಜಿನಿಗೆ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಆದರೆ ಶಕ್ತಿಗುಂದುವುದು, ಪೆಟ್ರೋಲು ತುಂಬಿ ಏಳದಿರುವುದು ಮುಂತಾದ ದೂರುಗಳು ಹೆಚ್ಚಿದಾಗ ಅಮೆರಿಕದಲ್ಲಿ ಎಂಜಿನಿನ ಖಾತರಿಯನ್ನು ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿಗೆ ಏರಿಸಬೇಕಾಯಿತು. ಕಂಪನಿ ಹಾಗೆ ಏರಿಸಿದ್ದು ಅದರ ದೊಡ್ಡತನವೋ ದೋಷದ ಒಪ್ಪಿಗೆಯೋ? ಎರಡೂ ಇರಬಹುದು. ೨೦೧೨ರಲ್ಲಿ ಆ ಕಾರಿನ ತಯಾರಿಕೆ ನಿಂತಿತು.

ನಡುವೆ ಒಂದು ಉಜ್ಜ್ವಲ ದಿನವೂ ಬಂದಿತ್ತು. ೧೯೯೧ರ ಜೂನಿನಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ನಾಲ್ಕು ಗುಂಡಿನ ತಿರುಗುಯಂತ್ರವಿದ್ದ ಮಜ್ದಾ ಇಪ್ಪತ್ತನಾಲ್ಕು ಗಂಟೆ ಓಡಿ, ೩೬೨ ಸುತ್ತು ಮುಗಿಸಿ, ಗೆದ್ದಿತು. ಅಲ್ಲಿ ಗೆದ್ದ ಮೊದಲ ಜಪಾನಿ ಕಾರು ಅದು. ೨೦೧೮ರಲ್ಲಿ ಟೊಯೋಟ ಗೆಲ್ಲುವವರೆಗೂ ಅದೊಂದೇ. ಕೊನೆಯ ಸುತ್ತು ಓಡಿಸಿದ ಜಾನಿ ಹರ್ಬರ್ಟ್ ನೀರಡಿಸಿ ಬಳಲಿ, ವಿಜಯವೇದಿಕೆ ಏರಲಾರದೆ ಹೋದರು. ಮುಂದಿನ ವರ್ಷದ ನಿಯಮಗಳಲ್ಲಿ ಈ ಜಾತಿಯ ಎಂಜಿನಿಗೆ ಎಡೆಯೇ ಇರಲಿಲ್ಲ.

೨೦೨೦ರ ಸುಮಾರಿನಿಂದ ಕಂಪನಿ ಹಳೆಯ ಆರ್‌ಎಕ್ಸ್-೭ ಕಾರುಗಳಿಗೆ ಬೇಕಾದ, ಪೇಟೆಯಲ್ಲಿ ಸಿಗದಂತಾಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸಿ ಮಾಲೀಕರಿಗೆ ಒದಗಿಸುತ್ತಿದೆ. ೨೦೨೩ರಲ್ಲಿ ತಿರುಗುಯಂತ್ರ ಹೊಸ ಕಾರಿನಲ್ಲಿಯೂ ಮರಳಿತು, ಆದರೆ ವೇಷ ಬದಲಿಸಿಕೊಂಡು. ಎಂಎಕ್ಸ್-೩೦ ಎಂಬ ಆ ಕಾರಿನಲ್ಲಿ ಗಾಲಿಗಳನ್ನು ತಿರುಗಿಸುವುದು ವಿದ್ಯುತ್ ಮೋಟಾರು. ಒಂದೇ ಗುಂಡಿನ ಪುಟ್ಟ ಎಂಜಿನು ಮೂಲೆಯಲ್ಲಿ ಕುಳಿತು ಬ್ಯಾಟರಿಗೆ ವಿದ್ಯುತ್ತು ತುಂಬುತ್ತದೆ, ಅಷ್ಟೆ. ಕೂಗುಗಂಟೆಯ ಗೊಡವೆ ಇಲ್ಲ. ಅದರ ವಿನ್ಯಾಸದಲ್ಲಿ ಮಾಡಿದ ಬದಲಾವಣೆಗಳಲ್ಲಿ ನನ್ನ ಗಮನ ಸೆಳೆದದ್ದು ಒಂದು: ಮೂಲೆಯ ಸೀಲಿನ ದಪ್ಪವನ್ನು ಎರಡು ಮಿಲಿಮೀಟರಿನಿಂದ ಎರಡೂವರೆ ಮಿಲಿಮೀಟರಿಗೆ ಏರಿಸಿದ್ದಾರೆ.