ಪಾರ್ಶ್ವವಾಯು ಮತ್ತು ಮರಳಿ ಕಲಿಯುವ ನಡಿಗೆ

ಕಪಿಲಾ ತೀರದ ನಂಜನಗೂಡು ಬಹುಕಾಲದಿಂದ ರೋಗಿಗಳ ಆಶ್ರಯಸ್ಥಾನವೆಂದು ಹೆಸರಾದ ಕ್ಷೇತ್ರ. ನಂಜನ್ನುಂಡ ಸ್ವಾಮಿಯ ಸನ್ನಿಧಿಯಲ್ಲಿ ಸೇವೆ ಸಲ್ಲಿಸಿದರೆ ಕಾಯಿಲೆ ವಾಸಿಯಾಗುವುದೆಂದು ನಂಬಿ ಬರುವ ಭಕ್ತರಿಗೆ ಲೆಕ್ಕವಿಲ್ಲ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ಗುಣವಾಯಿತೆಂದೂ, ಆತ ಸ್ವಾಮಿಯನ್ನು ‘ಹಕೀಂ ನಂಜುಂಡ’ನೆಂದು ಕೊಂಡಾಡಿದನೆಂದೂ ಐತಿಹ್ಯವಿದೆ. ಈ ಸೀಮೆಯ ಭಕ್ತಿಯು ಬಹುಮಟ್ಟಿಗೆ ನಡಿಗೆಯ ಭಕ್ತಿ. ಫಾಲ್ಗುಣ ಮಾಸದ ದೊಡ್ಡ ಜಾತ್ರೆಯಲ್ಲಿ ಪಂಚರಥಗಳೊಡನೆ ಹೆಜ್ಜೆ ಹಾಕುವವರು, ೧೯೮೯ರಲ್ಲಿ ಆರಂಭವಾದ ತಿರುಮಕೂಡಲು ಕುಂಭಮೇಳದಲ್ಲಿ ಸಂಗಮದ ಸೋಪಾನಗಳನ್ನು ಇಳಿಯುವವರು, ಮುಡುಕುತೊರೆಯ ಮಲ್ಲಿಕಾರ್ಜುನನ ಬೆಟ್ಟವನ್ನು ಏರುವವರು, ಮಲೆಯ ಮಹದೇಶ್ವರನಿಗೆ ಹರಕೆ ಹೊತ್ತು ಪಾದಯಾತ್ರೆ ಹೊರಡುವವರು, ಇವರೆಲ್ಲರೂ ಕಾಲಿನ ಬಲವನ್ನೇ ನೆಚ್ಚಿದವರು.

ಇಂತಹ ಮನೆತನಗಳಲ್ಲಿ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದಾಗ ಇಡೀ ಮನೆಯೇ ಕುಸಿಯುತ್ತದೆ. ‘ಲಕ್ವ ಹೊಡೆಯಿತು, ಇನ್ನು ಮುಗಿಯಿತು’ ಎಂಬ ಮಾತು ಬಂಧುಗಳ ಬಾಯಿಂದ ಬರುತ್ತದೆ. ನಡುಮನೆಯಲ್ಲಿದ್ದ ಮಂಚ ಮೂಲೆಗೆ ಸರಿಯುತ್ತದೆ. ಊಟ, ಸ್ನಾನಗಳೆಲ್ಲ ಮಂಚದ ಬಳಿಗೇ ಬರುತ್ತವೆ. ಪ್ರೀತಿಯಿಂದಲೇ ಮಾಡುವ ಈ ಸೇವೆಯು ತಿಳಿಯದೆ ಒಂದು ಅಪಕಾರವನ್ನೂ ಮಾಡಿಬಿಡುತ್ತದೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಅನೇಕರು ಮರಳಿ ನಡೆಯಬಲ್ಲರು. ಆದರೆ ನಡಿಗೆಯನ್ನು ಅವರಿಗೆ ಮತ್ತೆ ಕಲಿಸಬೇಕು. ಈ ವಿಷಯದಲ್ಲಿ ಇತ್ತೀಚಿನ ಸಂಶೋಧನೆಗಳು ತಿಳಿಸಿರುವ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಪಾದವೆಂಬ ಅದ್ಭುತ

ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನವಿತ್ತ ಸಂಪ್ರದಾಯ ನಮ್ಮದು. ಗುರುಜಂಗಮರ ಪಾದವನ್ನು ಪೂಜಿಸುವ ನಾವು ನಮ್ಮ ಪಾದದ ರಚನೆಯನ್ನು ಕುರಿತು ಯೋಚಿಸುವುದು ಅಪರೂಪ. ಒಂದು ಪಾದದಲ್ಲಿ ೨೬ ಮೂಳೆಗಳೂ ೩೩ ಕೀಲುಗಳೂ ಇವೆ. ಹಿಮ್ಮಡಿ ನೆಲಕ್ಕೆ ತಾಗುವಾಗ ಮೈಭಾರದ ಹೊಡೆತವನ್ನು ತಾಳಿಕೊಳ್ಳಲು ಪಾದ ಮೆದುವಾಗಬೇಕು. ಮರುಕ್ಷಣವೇ ದೇಹವನ್ನು ಮುಂದಕ್ಕೆ ದೂಡಲು ಅದೇ ಪಾದ ಸನಿಕೋಲಿನಂತೆ ಬಿಗಿಯಾಗಬೇಕು.

ಈ ಬಿಗಿ ಎಲ್ಲಿಂದ ಬರುತ್ತದೆ? ಹಿಮ್ಮಡಿಯಿಂದ ಬೆರಳುಗಳವರೆಗಿನ ಉದ್ದದ ಕಮಾನಿನಿಂದ ಎಂದೇ ವೈದ್ಯಲೋಕ ಬಹುಕಾಲ ಭಾವಿಸಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದು ಬಳಿಕ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ತೆರಳಿದ ವಿಜ್ಞಾನಿ ಮಧುಸೂದನ್ ವೆಂಕಟೇಶನ್ ಮತ್ತು ಅವರ ಸಂಗಡಿಗರು ೨೦೨೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೇರೊಂದು ಸತ್ಯವನ್ನು ತೋರಿಸಿದರು. ಪಾದಕ್ಕೆ ಅಡ್ಡಲಾಗಿರುವ ಮತ್ತೊಂದು ಕಮಾನು ಪಾದದ ಬಿಗಿಯಲ್ಲಿ ನೂರಕ್ಕೆ ೪೦ಕ್ಕಿಂತ ಹೆಚ್ಚು ಪಾಲನ್ನು ಕೊಡುತ್ತದೆ. ಒಂದು ಹತ್ತು ರೂಪಾಯಿ ನೋಟಿನ ತುದಿಯನ್ನು ಹಿಡಿದು ನೋಡಿ, ಅದು ಜೋತುಬೀಳುತ್ತದೆ. ಅದನ್ನೇ ಅಡ್ಡಲಾಗಿ ತುಸು ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ಪಾದದ ರಹಸ್ಯವೂ ಅಂತಹುದೇ.

ನಮ್ಮ ನಾಡಿನಲ್ಲಿಯೇ ನಡೆದ ಇನ್ನೊಂದು ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. ಮಣಿಪಾಲದ ವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು ಸುಮಾರು ೨೩೦೦ ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ ೧೯೯೨ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ನೂರಕ್ಕೆ ೮.೬ ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ ಅದು ೨.೮ ಮಾತ್ರ. ಬಾಲ್ಯದಲ್ಲಿ ನೆಲದ ಸ್ಪರ್ಶದಿಂದ ಪಾದದ ಕಮಾನು ಬಲಿಯುತ್ತದೆಂದು ಇದರಿಂದ ತಿಳಿಯುತ್ತದೆ. ಗದ್ದೆಯ ಬದುವಿನ ಮೇಲೆ ನಡೆದು ಬೆಳೆದ ನಮ್ಮ ತಾತ, ಅಜ್ಜಿಯರ ಪಾದಗಳು ಹೀಗೆ ಗಟ್ಟಿಗೊಂಡವು.

ಕೆಡುವುದು ಕಾಲಲ್ಲ

ಹಾಗಾದರೆ ಇಷ್ಟು ಗಟ್ಟಿಯಾದ ಪಾದ ಒಂದೇ ಗಳಿಗೆಯಲ್ಲಿ ಸೋಲುವುದೇಕೆ? ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡಾಗ ಅಥವಾ ಒಡೆದಾಗ ಅಲ್ಲಿನ ಜೀವಕೋಶಗಳು ನಾಶವಾಗುತ್ತವೆ. ಮಿದುಳಿನ ಎಡಭಾಗ ಕೆಟ್ಟರೆ ಬಲಗೈ ಬಲಗಾಲು, ಬಲಭಾಗ ಕೆಟ್ಟರೆ ಎಡಗೈ ಎಡಗಾಲು ಸೋಲುತ್ತವೆ. ಕಾಲಿನ ಮೂಳೆಯೂ ಸ್ನಾಯುವೂ ಇದ್ದಂತೆಯೇ ಇರುತ್ತವೆ. ಅವಕ್ಕೆ ಆಜ್ಞೆ ತಲುಪುವ ದಾರಿ ಮುರಿದಿರುತ್ತದೆ. ನಾಲೆಯ ತೂಬು ಕಟ್ಟಿಕೊಂಡರೆ ಗದ್ದೆ ಒಣಗುತ್ತದೆ. ಅದು ಮಣ್ಣಿನ ದೋಷವಲ್ಲ.

ನಡೆಯುವಾಗ ಕಾಲ್ಬೆರಳು ನೆಲದಿಂದ ಮೇಲೇಳುವುದು ಒಂದೆರಡು ಸೆಂಟಿಮೀಟರಿನಷ್ಟು ಮಾತ್ರ. ಪಾರ್ಶ್ವವಾಯುವಿನಲ್ಲಿ ಪಾದವನ್ನು ಮೇಲಕ್ಕೆತ್ತುವ ಸ್ನಾಯು ದುರ್ಬಲವಾಗಿ, ಮೀನಖಂಡ ಬಿಗಿದುಕೊಂಡು, ಪಾದದ ತುದಿ ಜೋತುಬೀಳುತ್ತದೆ. ಆಗ ಹೊಸ್ತಿಲು, ಚಾಪೆಯ ಅಂಚು, ಅಂಗಳದ ಸಣ್ಣ ಕಲ್ಲು, ಎಲ್ಲವೂ ಎಡವುವ ಸ್ಥಳಗಳಾಗುತ್ತವೆ. ಎಡವದಿರಲೆಂದು ರೋಗಿಯು ಸೊಂಟವನ್ನೆತ್ತಿ ಕಾಲನ್ನು ಅರ್ಧವೃತ್ತದಂತೆ ಸುತ್ತಿ ಇಡುತ್ತಾನೆ. ಇಂತಹ ನಡಿಗೆಗೆ ಶ್ರಮ ಹೆಚ್ಚು, ಬೀಳುವ ಭಯವೂ ಹೆಚ್ಚು.

ಆದರೆ ಮಿದುಳಿಗೆ ಒಂದು ವಿಶೇಷ ಶಕ್ತಿಯಿದೆ. ಅಳಿದ ಭಾಗದ ಕೆಲಸವನ್ನು ಉಳಿದ ಭಾಗ ಸ್ವಲ್ಪ ಸ್ವಲ್ಪವಾಗಿ ಕಲಿತುಕೊಳ್ಳಬಲ್ಲದು. ಆ ಕಲಿಕೆಗೆ ಬೇಕಾದುದು ಸರಿಯಾದ ಹೆಜ್ಜೆಯ ಪುನಃ ಪುನಃ ಅಭ್ಯಾಸ. ಎಣ್ಣೆ ನೀವುವುದರಿಂದ ಮೈಗೆ ಹಿತವಾದೀತು, ನಿಜ. ಆದರೆ ಮಲಗಿದವರ ಕಾಲನ್ನು ಎಷ್ಟು ನೀವಿದರೂ ಮಿದುಳು ನಡಿಗೆಯನ್ನು ಕಲಿಯದು. ಪಾರಿವಾಳದ ರಕ್ತ ಸವರಿದರೆ ಲಕ್ವ ಹೋಗುವುದೆಂಬ ಮಾತಂತೂ ದಯೆಗೂ ದೂರ, ಗುಣಕ್ಕೂ ದೂರ.

ಮೊದಲ ನಾಲ್ಕೂವರೆ ಗಂಟೆ

ನಡಿಗೆಯ ಭವಿಷ್ಯವು ಮೊದಲ ದಿನದ ಮೊದಲ ಗಂಟೆಗಳಲ್ಲಿಯೇ ಬಹುಪಾಲು ನಿರ್ಧಾರವಾಗುತ್ತದೆ. ಮುಖ ಒಂದು ಕಡೆ ವಾಲಿತೇ, ಎತ್ತಿದ ತೋಳು ಕೆಳಗೆ ಬಿತ್ತೇ, ಮಾತು ತೊದಲಿತೇ ಎಂದು ನೋಡಬೇಕು. ಒಂದು ಲಕ್ಷಣ ಕಂಡರೂ ತಡಮಾಡದೆ ೧೦೮ಕ್ಕೆ ಕರೆ ಮಾಡಬೇಕು. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿನಲ್ಲಿ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುನ್ನ ತಲೆಯ ಸ್ಕ್ಯಾನ್ ಆಗಬೇಕು. ನಂಜನಗೂಡಿನಿಂದ ಮೈಸೂರಿಗೆ ಸುಮಾರು ೨೫ ಕಿಲೋಮೀಟರು, ತಿ. ನರಸೀಪುರದಿಂದ ಸುಮಾರು ೩೦ ಕಿಲೋಮೀಟರು. ದೊಡ್ಡಾಸ್ಪತ್ರೆ ತಲುಪಲು ಹೊತ್ತು ಸಾಲದೆ ಹೋಗುವಷ್ಟು ದೂರವೇನಲ್ಲ. ‘ಸ್ವಲ್ಪ ಮಲಗಲಿ, ಬೆಳಗಾಗಲಿ, ದೊಡ್ಡ ಮಗ ಬರಲಿ’ ಎಂದು ಕಾಯುವಾಗಲೇ ಕಾಲ ಕೈಮೀರುತ್ತದೆ. ಆ ಹೊತ್ತಿನಲ್ಲಿ ಬಾಯಿಗೆ ನೀರು, ಕಷಾಯ ಯಾವುದನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ಅದು ಶ್ವಾಸಕೋಶಕ್ಕೆ ಇಳಿದೀತು.

ಸಂಶೋಧನೆ ಕಲಿಸಿದ ಪಾಠ

ಆಸ್ಪತ್ರೆಯ ಚಿಕಿತ್ಸೆಯ ಬಳಿಕ ರೋಗಿಯನ್ನು ಎಷ್ಟು ಬೇಗ ಎಬ್ಬಿಸಬೇಕು? ಐದು ದೇಶಗಳ ೨೧೦೪ ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು ೨೦೧೫ರಲ್ಲಿ ಪ್ರಕಟವಾಯಿತು. ಮೊದಲ ೨೪ ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೊತ್ತು ಶ್ರಮ ಕೊಟ್ಟವರಿಗೆ ಫಲ ತುಸು ಕಡಿಮೆಯೇ ಆಗಿತ್ತು. ಆದುದರಿಂದ ಆತುರವೂ ಸಲ್ಲದು, ತಿಂಗಳುಗಟ್ಟಲೆ ಹಾಸಿಗೆಯೂ ಸಲ್ಲದು. ವೈದ್ಯರು ಒಪ್ಪಿದ ದಿನದಿಂದ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಬಾರಿ ಎಬ್ಬಿಸುವುದು ಲೇಸು.

ನಡಿಗೆ ಕಲಿಸಲು ದುಬಾರಿ ಯಂತ್ರವೇ ಬೇಕೇ? ಅಮೆರಿಕದಲ್ಲಿ ೪೦೮ ರೋಗಿಗಳ ಮೇಲೆ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವು ಬಡವರಿಗೂ ಧೈರ್ಯ ಕೊಡುವಂತಹುದು. ಮೈಭಾರವನ್ನು ತೂಗುಹಾಕಿ ಚಲಿಸುವ ಪಟ್ಟಿಯ ಮೇಲೆ ನಡೆಸುವ ಯಂತ್ರದ ಚಿಕಿತ್ಸೆಯೂ, ಫಿಸಿಯೋಥೆರಪಿಸ್ಟರು ಮನೆಗೆ ಬಂದು ಮಾಡಿಸಿದ ವ್ಯಾಯಾಮವೂ ವರ್ಷದ ಕೊನೆಗೆ ಸಮನಾದ ಫಲವನ್ನೇ ಕೊಟ್ಟವು. ಒಟ್ಟು ರೋಗಿಗಳಲ್ಲಿ ನೂರಕ್ಕೆ ೫೨ ಮಂದಿಯ ನಡಿಗೆ ಮೇಲಿನ ಮಟ್ಟಕ್ಕೇರಿತು. ಆರು ತಿಂಗಳು ತಡವಾಗಿ ಯಂತ್ರದ ತರಬೇತಿ ಪಡೆದವರೂ ಹಿಂದುಳಿಯಲಿಲ್ಲ. ‘ಇಷ್ಟು ದಿನ ಕಳೆಯಿತು, ಇನ್ನೇನು’ ಎಂದು ಕೈಚೆಲ್ಲುವವರಿಗೆ ಇದು ಉತ್ತರ.

ಹಾಗೆಂದು ಮನೆಯವರೇ ಎಲ್ಲವನ್ನೂ ಮಾಡಿಬಿಡಬಹುದೆಂದೂ ತಿಳಿಯಬಾರದು. ಭಾರತದ ೧೪ ಆಸ್ಪತ್ರೆಗಳಲ್ಲಿ ೧೨೫೦ ರೋಗಿಗಳನ್ನು ಆರಿಸಿ, ಅರ್ಧದಷ್ಟು ಮಂದಿಯ ಮನೆಯವರಿಗೆ ತರಬೇತಿ ಕೊಟ್ಟು ಪರೀಕ್ಷಿಸಿದ ಅಧ್ಯಯನವು ೨೦೧೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಆರು ತಿಂಗಳ ಬಳಿಕ ಎರಡು ಗುಂಪುಗಳಲ್ಲಿಯೂ ನೂರಕ್ಕೆ ೪೭ ಮಂದಿ ಮೃತರಾಗಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ತರಬೇತಿಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಈ ಎರಡು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ನಮಗೆ ತೋರುವುದಿಷ್ಟು: ಮನೆಯು ಅಭ್ಯಾಸಕ್ಕೆ ತಕ್ಕ ಸ್ಥಳ; ಆದರೆ ದಾರಿ ತೋರುವ ಗುರು ಬೇಕು. ಆ ಗುರುವೇ ಫಿಸಿಯೋಥೆರಪಿಸ್ಟ್. ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಅಂತಹ ನೆರವು ದೊರೆಯುತ್ತದೆ. ಮಾತು ಬಿದ್ದುಹೋದವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಮನೆಯಲ್ಲಿ ಮಾಡಬೇಕಾದುದು

ಚಿಕಿತ್ಸಕರು ಹೇಳಿಕೊಟ್ಟ ಅಭ್ಯಾಸವನ್ನು ಮುಂದುವರಿಸಲು ನಮ್ಮ ಹಳ್ಳಿಯ ಮನೆಗಳು ಅನುಕೂಲವಾಗಿಯೇ ಇವೆ. ಜಗಲಿಯ ಮೇಲೆ ಕುಳಿತು ಏಳುವುದು, ತೊಟ್ಟಿಯ ಕಂಬ ಹಿಡಿದು ನಿಂತು ಭಾರವನ್ನು ಸೋತ ಕಾಲಿನ ಮೇಲೆ ಹಾಕುವುದು, ಎಲ್ಲವೂ ನಡಿಗೆಯ ಪೂರ್ವಪಾಠಗಳು. ಜೊತೆಗಿರುವವರು ಸೋತ ಪಕ್ಕದಲ್ಲಿ ತುಸು ಹಿಂದೆ ನಿಲ್ಲಬೇಕು. ಸೋತ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಸಡಿಲವಾದೀತು. ಊರುಗೋಲು ಚೆನ್ನಾಗಿರುವ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಜೋತುಬೀಳುವ ಪಾದಕ್ಕೆ ಎ.ಎಫ್.ಒ. ಎಂಬ ಪ್ಲಾಸ್ಟಿಕ್ ಸ್ಪ್ಲಿಂಟನ್ನು ಅಳತೆ ತೆಗೆದು ಮಾಡಿಕೊಡುತ್ತಾರೆ. ಹವಾಯಿ ಚಪ್ಪಲಿ ಜಾರಿಹೋಗುವುದರಿಂದ ಹಿಂದೆ ಪಟ್ಟಿಯಿರುವ ಪಾದರಕ್ಷೆಯೇ ಮೇಲು. ಬರಿಗಾಲು ಮಕ್ಕಳಿಗೆ ಹಿತವೆಂದೆವಲ್ಲವೇ? ಸಕ್ಕರೆ ಕಾಯಿಲೆಯಿಂದಲೋ ಪಾರ್ಶ್ವವಾಯುವಿನಿಂದಲೋ ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಆ ಮಾತು ಅನ್ವಯಿಸದು. ಅಂತಹ ಪಾದಕ್ಕೆ ಬಿಸಿನೀರಿನ ಶಾಖವೂ ಅಪಾಯ, ಸುಟ್ಟರೂ ತಿಳಿಯುವುದಿಲ್ಲ. ಪ್ರತಿ ರಾತ್ರಿ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡುವುದು ಸೊಸೆಯಂದಿರಿಗೂ ಮೊಮ್ಮಕ್ಕಳಿಗೂ ಒಂದು ನಿತ್ಯಸೇವೆಯಾಗಲಿ.

ಪ್ರಗತಿಯನ್ನು ಅಳೆಯಲು ಗಡಿಯಾರವೊಂದು ಸಾಕು. ಕ್ಯಾಲಿಫೋರ್ನಿಯದ ವೈದ್ಯೆ ಜಾಕ್ವೆಲಿನ್ ಪೆರ್ರಿ ಮತ್ತು ಸಂಗಡಿಗರು ೧೯೯೫ರಲ್ಲಿ ತೋರಿಸಿದಂತೆ ನಡಿಗೆಯ ವೇಗವೇ ಬದುಕಿನ ವಿಸ್ತಾರವನ್ನು ಸೂಚಿಸುತ್ತದೆ. ಹತ್ತು ಮೀಟರ್ ನಡೆಯಲು ೨೫ ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಓಡಾಟ ಮನೆಯೊಳಗೆ ಮಾತ್ರ. ಹನ್ನೆರಡೂವರೆ ಸೆಕೆಂಡಿಗಿಂತ ಕಡಿಮೆಯಾದರೆ ಸಂತೆ ಜಾತ್ರೆಗಳಿಗೂ ಹೋಗಿಬರಬಹುದು. ವಾರಕ್ಕೊಮ್ಮೆ ಅಳೆದು ಬರೆದಿಟ್ಟರೆ ರೋಗಿಗೂ ಉತ್ಸಾಹ ಮೂಡುತ್ತದೆ. ಇದರೊಡನೆ ರಕ್ತದೊತ್ತಡದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು; ಉಪ್ಪಿನಕಾಯಿ, ಹಪ್ಪಳ ಮಿತವಾಗಿರಲಿ; ಹೊಗೆಸೊಪ್ಪನ್ನು ಬಿಡಲೇಬೇಕು. ಎರಡನೆಯ ಹೊಡೆತವನ್ನು ತಡೆಯುವುದೂ ಚಿಕಿತ್ಸೆಯ ಭಾಗವೇ.

ಪೂಜೆ ಮತ್ತು ಸಮಾಜ

ಎಡಭಾಗ ಸೋತ ಲಿಂಗಧಾರಿಗಳನ್ನು ಕಾಡುವ ಇನ್ನೊಂದು ನೋವಿದೆ. ಇಷ್ಟಲಿಂಗವನ್ನು ಬಿಜಯಂಗೈಸಿಕೊಳ್ಳುವುದು ಎಡ ಅಂಗೈಯಲ್ಲಿ. ಆ ಕೈಯೇ ಏಳದಿದ್ದರೆ ಪೂಜೆ ತಪ್ಪಿತೆಂದು ಕಣ್ಣೀರಿಡುವವರುಂಟು. ಕುರ್ಚಿಯ ಮೇಲೆ ಕುಳ್ಳಿರಿಸಿ, ಮುಂದೆ ಪೀಠವಿಟ್ಟು, ಎಡಗೈಗೆ ದಿಂಬಿನ ಆಸರೆ ಕೊಟ್ಟು, ಮನೆಯವರೊಬ್ಬರು ಕೆಳಗೆ ಕೈಯೊಡ್ಡಿದರೆ ಪೂಜೆ ಸಾಂಗವಾಗಿ ನೆರವೇರುತ್ತದೆ. ಮಿದುಳಿನ ಬಲಭಾಗ ಕೆಟ್ಟಾಗ ಕೆಲವರಿಗೆ ಎಡಪಕ್ಕದ ಪರಿವೆಯೇ ಇರುವುದಿಲ್ಲ. ಎಡಗೈಯತ್ತ ದೃಷ್ಟಿ ಹರಿಸುವ ಅಭ್ಯಾಸವನ್ನು ಚಿಕಿತ್ಸಕರೂ ಮಾಡಿಸುತ್ತಾರೆ. ಅಂಗೈಯ ಲಿಂಗದಲ್ಲಿ ನೋಟವಿಡುವ ಪೂಜೆ ಆ ಅಭ್ಯಾಸಕ್ಕೂ ಒದಗಿಬರುತ್ತದೆ.

ಮಠ ದೇವಾಲಯಗಳ ವ್ಯವಸ್ಥಾಪಕರಲ್ಲಿಯೂ ನಮ್ಮ ಒಂದು ವಿನಂತಿಯಿದೆ. ಎ.ಎಫ್.ಒ. ಧರಿಸಿದವರು ಪಾದರಕ್ಷೆ ಕಳಚಿದರೆ ನುಣುಪಾದ ಕಲ್ಲುಹಾಸಿನ ಮೇಲೆ ಜಾರುವ ಸಂಭವವುಂಟು. ಅಂತಹವರಿಗಾಗಿ ಬಾಗಿಲಲ್ಲಿ ಒಂದು ಕುರ್ಚಿ, ಮೆಟ್ಟಿಲ ಪಕ್ಕದಲ್ಲಿ ಹಿಡಿಕಂಬಿ, ಪ್ರಸಾದದ ಪಂಕ್ತಿಯಲ್ಲಿ ಎತ್ತರದ ಆಸನ ಇಷ್ಟಿದ್ದರೆ ಸಾಕು. ಇದಕ್ಕೆ ಹೆಚ್ಚಿನ ಹಣ ಬೇಡ, ಮನಸ್ಸು ಬೇಕು.

ಜಂಗಮವೆಂದರೆ ಚಲಿಸುವುದು, ಚೈತನ್ಯವುಳ್ಳದ್ದು. ಚಲನೆಯನ್ನು ಇಷ್ಟು ಎತ್ತರಕ್ಕೇರಿಸಿದ ಶರಣಧರ್ಮದ ಮನೆಗಳಲ್ಲಿ ಹಿರಿಯ ಜೀವವೊಂದು ಮೂಲೆಯ ಮಂಚದಲ್ಲಿ ಸ್ಥಾವರವಾಗಿ ಉಳಿಯಬಾರದು. ಇಂದು ಮಂಚದಿಂದ ಜಗಲಿಗೆ, ನಾಳೆ ಜಗಲಿಯಿಂದ ಅಂಗಳಕ್ಕೆ, ಮುಂದೊಂದು ದಿನ ಅಂಗಳದಿಂದ ಬೀದಿಯ ಗುಡಿಗೆ ಅವರ ಹೆಜ್ಜೆ ಸಾಗಲಿ. ಆ ಹೆಜ್ಜೆಗೆ ಹೆಗಲು ಕೊಡುವುದು ಮನೆಯವರೆಲ್ಲರ ಕಾಯಕವಾಗಲಿ ಎಂಬುದು ನಮ್ಮ ಹಾರೈಕೆ.