ಸಾಲ ತೀರಿಸಿದರೆ ಜೂಜು ತೀರುವುದೇ?

ಅವರು ಪ್ರೌಢಶಾಲೆಯ ಶಿಕ್ಷಕರು. ವಯಸ್ಸು ಮೂವತ್ತೆಂಟು. ಕುಡಿಯುವವರಲ್ಲ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಶಾಲೆ, ಮನೆ, ಸಂಜೆ ಹೊತ್ತು ಒಂದಿಷ್ಟು ಮನೆಪಾಠ, ಇಷ್ಟೇ ಅವರ ಪ್ರಪಂಚ ಎಂದು ಊರೆಲ್ಲ ತಿಳಿದಿತ್ತು. ಒಂದು ದಿನ ಮಗಳ ಶಾಲೆಯ ಶುಲ್ಕಕ್ಕೆಂದು ಪತ್ನಿ ಬ್ಯಾಂಕಿಗೆ ಹೋದರು. ಖಾತೆಯಲ್ಲಿ ಉಳಿದಿದ್ದುದು ನಾನೂರು ರೂಪಾಯಿ ಮಾತ್ರ. ಮನೆಗೆ ಬಂದು ಬೀರು ತೆಗೆದರೆ ಎರಡು ಜೊತೆ ಬಳೆಯೂ ಇಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇಷ್ಟ್ರು ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದರು. ಎರಡು ವರ್ಷಗಳಲ್ಲಿ ಹನ್ನೊಂದು ಲಕ್ಷ ಹೋಗಿತ್ತು. ವಿಷಯ ಹೊರಗೆ ಬಂದರೆ ಮಾನ ಹೋಗುತ್ತದೆಂದು ಪತ್ನಿ ಯಾರಿಗೂ ಹೇಳಲಿಲ್ಲ. ಆಕೆಯ ತಂದೆ ಅರ್ಧ ಎಕರೆ ಜಮೀನು ಮಾರಿ ಸಾಲ ತೀರಿಸಿದರು. ಅಳಿಯ ಮಗಳ ತಲೆ ಮುಟ್ಟಿ ಆಣೆ ಮಾಡಿದರು. ನಾಲ್ಕೇ ತಿಂಗಳು. ಈ ಸಲ ಫೋನಿನಲ್ಲಿ ಬರುವ ಲಾಟರಿ, ಜೊತೆಗೆ ಮೀಟರ್ ಬಡ್ಡಿಯ ಸಾಲ.

ಆ ತಾಯಿ ನನ್ನ ಮುಂದೆ ಕುಳಿತು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ನಮ್ಮನೆಯವರ ಸಾಲ ಈ ಸಲವೂ ತೀರಿಸಬೇಕೋ, ಬೇಡವೋ? ಅದೊಂದು ಹೇಳಿಬಿಡಿ."

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಅನೇಕ ಮನೆಯವರು ಕೇಳುತ್ತಾರೆ. ಉತ್ತರ ತಿಳಿಯಬೇಕಾದರೆ ಜೂಜು ಯಾವಾಗ ಕಾಯಿಲೆಯಾಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಚಟವೋ, ಕಾಯಿಲೆಯೋ?

ದೀಪಾವಳಿಯ ರಾತ್ರಿ ನೆಂಟರೊಂದಿಗೆ ಹತ್ತು ರೂಪಾಯಿ ಕಟ್ಟಿ ಇಸ್ಪೀಟು ಆಡಿದವರೆಲ್ಲ ರೋಗಿಗಳಲ್ಲ. ಅವರು ಹಬ್ಬ ಮುಗಿದ ಮೇಲೆ ಎಲೆಗಳನ್ನು ಎತ್ತಿಟ್ಟು ಮರೆಯುತ್ತಾರೆ. ಕೆಲವರಿಂದ ಅದು ಆಗುವುದಿಲ್ಲ.

ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ಕಾಯಿಲೆಗಳ ಪಟ್ಟಿಗೆ ಜೂಜಿನ ಗೀಳನ್ನು ಸೇರಿಸಿತು. 2013ರ ಐದನೆಯ ಆವೃತ್ತಿಯಲ್ಲಿ ಅದನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಸಾಲಿಗೇ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದು ಹೇಳುವ ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಮನೆ, ಕೆಲಸ, ಊಟ, ನಿದ್ರೆಗಳಿಗಿಂತ ಆಟವೇ ಮುಖ್ಯವಾಗುವುದು, ಕಣ್ಣೆದುರೇ ಹಾನಿಯಾಗುತ್ತಿದ್ದರೂ ಆಟ ಮುಂದುವರಿಯುವುದು. ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬಂದಿರಬೇಕು. ತೀವ್ರವಾಗಿದ್ದರೆ ಅಷ್ಟು ಕಾಯಬೇಕಾಗಿಲ್ಲ.

ಮಿದುಳಿನಲ್ಲಿ ಆಗುವುದೇನು?

ನಮಗೆ ಇಷ್ಟವಾದದ್ದು ಸಿಗುವ ಸೂಚನೆ ಕಂಡಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುತ್ತದೆ. ಪ್ರತಿಫಲ ಪ್ರತಿಸಲವೂ ಸಿಗುವಂತಿದ್ದರೆ ಉತ್ಸಾಹ ಬೇಗ ತಣಿಯುತ್ತದೆ. ಸಿಕ್ಕೀತೋ ಇಲ್ಲವೋ ಎಂಬ ಅನುಮಾನವಿದ್ದಾಗಲೇ ಸೆಳೆತ ಹೆಚ್ಚು. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿದರು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದು ಗೊತ್ತಾಗದಂತೆ ಮಾಡಿದಾಗ ಪಾರಿವಾಳಗಳು ಎಡೆಬಿಡದೆ ಕುಕ್ಕುತ್ತಿದ್ದವು. ಲಾಟರಿಯೂ ಇಸ್ಪೀಟೂ ಕೆಲಸ ಮಾಡುವುದು ಇದೇ ಸೂತ್ರದ ಮೇಲೆ.

ಇನ್ನೊಂದು ವಿಷಯವಿದೆ. ಲಾಟರಿಯಲ್ಲಿ ಕೊನೆಯ ಅಂಕಿ ಮಾತ್ರ ತಪ್ಪಿತು, ರಮ್ಮಿಯಲ್ಲಿ ಒಂದು ಎಲೆ ಬಂದಿದ್ದರೆ ಆಟ ನನ್ನದಾಗಿತ್ತು. ಲೆಕ್ಕದಲ್ಲಿ ಇದು ಸೋಲೇ. ಆದರೆ ಮಿದುಳು ಹಾಗೆ ತಿಳಿಯುವುದಿಲ್ಲ. 2009ರಲ್ಲಿ ಇಂಗ್ಲೆಂಡಿನ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಕೂದಲೆಳೆಯಲ್ಲಿ ತಪ್ಪಿದ ಸೋಲು ಗೆಲುವಿನಲ್ಲಿ ಚುರುಕಾಗುವ ಭಾಗಗಳನ್ನೇ ಚುರುಕುಗೊಳಿಸಿತ್ತು. ಆದ್ದರಿಂದಲೇ ಸೋತವನು ಎದ್ದು ಹೋಗುವುದಿಲ್ಲ, 'ಇನ್ನೊಂದೇ ಆಟ' ಎನ್ನುತ್ತಾನೆ.

ಹಿಂದೆ ಇಸ್ಪೀಟು ಆಡಬೇಕಾದರೆ ಜೊತೆಗಾರರು ಬೇಕಿತ್ತು, ಜಾಗ ಬೇಕಿತ್ತು, ಜೇಬಿನಲ್ಲಿ ನೋಟು ಬೇಕಿತ್ತು. ನೋಟು ಮುಗಿದರೆ ಆಟವೂ ಮುಗಿಯುತ್ತಿತ್ತು. ಮೊಬೈಲಿನಲ್ಲಿ ಈ ತಡೆಗಳು ಯಾವುವೂ ಇಲ್ಲ. ಹಾಸಿಗೆಯೇ ಅಡ್ಡೆ. ಒಂದು ಆಟಕ್ಕೆ ಕೆಲವೇ ನಿಮಿಷ. ಹಣವೆಂದರೆ ಪರದೆಯ ಮೇಲಿನ ಒಂದು ಅಂಕಿ, ಅಷ್ಟೆ.

ಲೆಕ್ಕ ಹಾಕಿ ನೋಡಿ

"ನಾನು ಬುದ್ಧಿವಂತಿಕೆಯಿಂದ ಆಡುತ್ತೇನೆ" ಎನ್ನುವವರು ಬಹಳ. ರಮ್ಮಿಯಲ್ಲಿ ಚಾತುರ್ಯದ ಪಾಲೇ ಹೆಚ್ಚು ಎಂದು ಸುಪ್ರೀಂ ಕೋರ್ಟು 1968ರಲ್ಲಿ ಹೇಳಿದ್ದು ನಿಜ. ಅದು ಕಾನೂನಿನ ಪ್ರಶ್ನೆ. ಹಣದ ಲೆಕ್ಕವೇ ಬೇರೆ.

ಆರು ಜನ ತಲಾ ಸಾವಿರ ರೂಪಾಯಿ ತಂದು ಆಡಲು ಕುಳಿತರು ಎಂದಿಟ್ಟುಕೊಳ್ಳಿ. ಒಟ್ಟು 6,000. ಆಡಿಸುವವನು ಪ್ರತಿ ಸುತ್ತಿನಲ್ಲಿ ನೂರಕ್ಕೆ ಹತ್ತು ಕಮಿಷನ್ ಹಿಡಿಯುತ್ತಾನೆ ಎನ್ನೋಣ. ಉಳಿದುದನ್ನೆಲ್ಲ ಮತ್ತೆ ಮತ್ತೆ ಪಣಕ್ಕಿಟ್ಟರೆ ಹತ್ತು ಸುತ್ತು ಮುಗಿಯುವ ಹೊತ್ತಿಗೆ ಎಲ್ಲರ ಬಳಿ ಸೇರಿ ಉಳಿಯುವುದು ಸುಮಾರು 2,092 ರೂಪಾಯಿ. ಆರು ಜನರೂ ಮಹಾ ಚತುರರೇ ಆಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಲಾಟರಿಯದು ಇನ್ನೂ ಸುಲಭದ ಲೆಕ್ಕ. ಐದು ಅಂಕಿಯ ಟಿಕೆಟ್ಟಿನಲ್ಲಿ ಒಂದು ಲಕ್ಷ ಸಂಖ್ಯೆಗಳಿರುತ್ತವೆ. ಒಂದು ಡ್ರಾಗೆ ಒಂದು ಮೊದಲ ಬಹುಮಾನವೆಂದರೆ, ದಿನಕ್ಕೊಂದು ಟಿಕೆಟ್ ಕೊಳ್ಳುವವನಿಗೆ ಅದು ಸರಾಸರಿ 274 ವರ್ಷಕ್ಕೊಮ್ಮೆ ಬರಬೇಕು. ನೆನ್ನೆ ಸೋತದ್ದರಿಂದ ಇಂದು ಗೆಲ್ಲುವ ಸಾಧ್ಯತೆ ಒಂದಿಷ್ಟೂ ಹೆಚ್ಚುವುದಿಲ್ಲ.

ಕಾನೂನು ಬಂದಿದೆ, ಕಾಯಿಲೆ ಹೋಗಿಲ್ಲ

ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಈ ಕಾಯಿದೆಯಲ್ಲಿ ಶಿಕ್ಷೆಯಿಲ್ಲ. ಪೊಲೀಸರಿಗೆ ಹೆದರಿ ವೈದ್ಯರ ಬಳಿ ಬಾರದೆ ಇರುವವರು ಇದನ್ನು ತಿಳಿದಿರಬೇಕು.

ಕಾಯಿದೆಯ ನಂತರ ದೊಡ್ಡ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಆದರೆ ಒಂದು ಬಾಗಿಲು ಮುಚ್ಚಿದರೆ ಗೀಳು ಹತ್ತಿದವನು ಇನ್ನೊಂದನ್ನು ಹುಡುಕುತ್ತಾನೆ. ಮಟ್ಕಾ, ಅಂದರ್‌-ಬಾಹರ್, ಕ್ರಿಕೆಟ್ ಬೆಟ್ಟಿಂಗ್, ಪರದೇಶದಿಂದ ನಡೆಯುವ ಕಳ್ಳ ಆ್ಯಪ್‌ಗಳು ಇದ್ದೇ ಇವೆ. ಕೇರಳ ಸರ್ಕಾರದ ಲಾಟರಿ ಕಾಗದದ ಟಿಕೆಟ್ಟಿನಲ್ಲಿ ಮಾರಾಟವಾಗುವಂಥದು. ಅದರ ಹೆಸರು ಹೇಳಿ ಫೋನಿನಲ್ಲಿ ಟಿಕೆಟ್ ಮಾರುವವರು, 'ನಿಮಗೆ ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ' ಎನ್ನುವವರು ಮೋಸಗಾರರು.

ಮನೆಯವರು ಗುರುತಿಸುವುದು ಹೇಗೆ?

ಕುಡಿತಕ್ಕೆ ವಾಸನೆಯಿದೆ, ತೂರಾಟವಿದೆ. ಜೂಜಿಗೆ ಇವಿಲ್ಲ. ಹೀಗಾಗಿ ಮನೆಯವರಿಗೆ ಗೊತ್ತಾಗುವಾಗ ತಡವಾಗಿರುತ್ತದೆ. ಕೆಳಗಿನವುಗಳನ್ನು ಗಮನಿಸಿ:

* ಸಂಬಳ ಬಂದ ವಾರದಲ್ಲೇ ಹಣವಿಲ್ಲ ಎನ್ನುವುದು, ಕಾರಣ ದಿನಕ್ಕೊಂದು ಹೇಳುವುದು.
* ಸಹೋದ್ಯೋಗಿ, ನೆಂಟರು, ಅಂಗಡಿಯವರ ಬಳಿ ಕೈಸಾಲ, ಒಡವೆ ಗಿರವಿ, ಚೀಟಿ ಮುರಿಸುವುದು.
* ರಾತ್ರಿ ನಿದ್ರೆಗೆಟ್ಟು ಫೋನು ಹಿಡಿದಿರುವುದು, ಯಾರಾದರೂ ಹತ್ತಿರ ಬಂದರೆ ಮರೆಮಾಡುವುದು.
* ಆಡಲು ಆಗದ ದಿನ ಸಿಡುಕು, ಚಡಪಡಿಕೆ.
* ಕಳೆದುದನ್ನು ಅದೇ ಆಟದಲ್ಲಿ ವಾಪಸು ಪಡೆಯುತ್ತೇನೆ ಎಂಬ ಹಠ.

ವೈದ್ಯರು ಬಳಸುವ ಎರಡೇ ಪ್ರಶ್ನೆಗಳ ಪರೀಕ್ಷೆಯೊಂದಿದೆ. ಬರಬರುತ್ತ ಹೆಚ್ಚು ಹೆಚ್ಚು ಹಣ ಕಟ್ಟಬೇಕು ಎಂದು ನಿಮಗೆ ಅನ್ನಿಸಿದೆಯೇ? ಎಷ್ಟು ಆಡಿದಿರಿ ಎಂಬುದನ್ನು ಹತ್ತಿರದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಒಂದಕ್ಕೆ 'ಹೌದು' ಎಂದರೂ ವೈದ್ಯರನ್ನು ಕಾಣುವುದು ಒಳ್ಳೆಯದು.

ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ಹಿರಿಯರಿದ್ದರೆ ಇನ್ನೊಂದು ಮಾತು. ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಗಳಿಂದ ಕೆಲವರಿಗೆ ಹೊಸದಾಗಿ ಜೂಜಿನ ಸೆಳೆತ ಹುಟ್ಟುವುದುಂಟು. ಔಷಧವನ್ನು ತಾವಾಗಿ ನಿಲ್ಲಿಸದೆ, ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಸಾಲ ತೀರಿಸಬೇಕೇ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೊದಲ ಜೂಜಿನಲ್ಲಿ ಸೋತುದನ್ನೆಲ್ಲ ಧೃತರಾಷ್ಟ್ರ ಧರ್ಮರಾಯನಿಗೆ ಹಿಂದಿರುಗಿಸಿದ. ಧರ್ಮರಾಯ ಮತ್ತೆ ಕರೆ ಬಂದಾಗ ಮತ್ತೆ ಕುಳಿತ. ವನವಾಸ ಬಂದುದು ಆ ಎರಡನೆಯ ಆಟದಿಂದ.

ಗುಟ್ಟಾಗಿ, ಒಂದೇ ಸಲಕ್ಕೆ, ಬೇರೆಯವರು ಸಾಲ ತೀರಿಸಿದರೆ ಕಾಯಿಲೆ ಇದ್ದಲ್ಲೇ ಇರುತ್ತದೆ, ನೋವು ಮಾತ್ರ ಮರೆಯಾಗುತ್ತದೆ. 'ಎಷ್ಟೇ ಹೋದರೂ ಯಾರಾದರೂ ತುಂಬುತ್ತಾರೆ' ಎಂದು ಮನಸ್ಸು ಕಲಿಯುತ್ತದೆ. ಜೂಜಿನಿಂದಾದ ನಷ್ಟಕ್ಕೆ ಬೇರೆಯವರ ಹಣವನ್ನು ನೆಚ್ಚುವುದನ್ನು ಮನೋವೈದ್ಯರು ಈ ಕಾಯಿಲೆಯ ಲಕ್ಷಣಗಳಲ್ಲಿಯೇ ಒಂದಾಗಿ ಎಣಿಸುತ್ತಾರೆ. ಹಾಗೆಂದು ಅವರನ್ನು ಬೀದಿಗೆ ಬಿಡಿ ಎಂದಲ್ಲ. ಸಾಲ ತೀರಬೇಕು, ಆದರೆ ಚಿಕಿತ್ಸೆಯ ಜೊತೆಯಲ್ಲಿ, ಎಲ್ಲರಿಗೂ ಕಾಣುವಂತೆ ತೀರಬೇಕು.

* ಯಾರಿಗೆ ಎಷ್ಟು ಕೊಡಬೇಕು ಎಂಬ ಪೂರ್ತಿ ಪಟ್ಟಿಯನ್ನು ಅವರ ಕೈಯಿಂದಲೇ ಬರೆಸಿ. ಸಾಮಾನ್ಯವಾಗಿ ಮೊದಲ ಪಟ್ಟಿ ಅರ್ಧವೇ ಇರುತ್ತದೆ. ಬೈಯದೆ ಕಾದರೆ ಉಳಿದದ್ದೂ ಬರುತ್ತದೆ.
* ಅವರ ಒಪ್ಪಿಗೆ ಪಡೆದು ಸಂಬಳದ ವ್ಯವಹಾರವನ್ನು ಕೆಲಕಾಲ ಪತ್ನಿಯೋ ಹಿರಿಯರೋ ನೋಡಿಕೊಳ್ಳಲಿ. ಅವರ ಫೋನಿನಿಂದ ಯುಪಿಐ ತೆಗೆಸಿ. ಕೈಖರ್ಚಿಗೆ ನೋಟು ಕೊಡಿ.
* ಕಂತು ಅವರ ಸಂಪಾದನೆಯಿಂದಲೇ ಹೋಗಲಿ, ಸಾಲ ಕೊಟ್ಟವರಿಗೆ ನೇರವಾಗಿ ತಲಪಲಿ. ತೀರಿಸಲೆಂದು ಒಟ್ಟು ಹಣವನ್ನು ಅವರ ಕೈಗೆ ಕೊಡಬೇಡಿ.
* ಮನೆ ಪತ್ರ, ಹೆಂಡತಿಯ ಒಡವೆ, ಮಕ್ಕಳ ಠೇವಣಿ ಬೇರೆ ಇರಲಿ. ಹೊಸ ಸಾಲಕ್ಕೆ ಜಾಮೀನು ಸಹಿ ಹಾಕಬೇಡಿ.
* ಆಣೆ ಪ್ರಮಾಣ ಬೇಡ. ಆಣೆ ಮುರಿದವನು ನಾಚಿಕೆಯಿಂದ ಮುಚ್ಚಿಡುತ್ತಾನೆ. ಮುಚ್ಚಿಟ್ಟಷ್ಟೂ ಕಾಯಿಲೆ ಬಲಿಯುತ್ತದೆ.
* ಆ್ಯಪ್ ಸಾಲದವರು, ನಕಲಿ ಲಾಟರಿಯವರು ಹಣ ಸುಲಿದಿದ್ದರೆ 1930ಕ್ಕೆ ದೂರು ಕೊಡಿ.

ಒಂದು ಎಚ್ಚರಿಕೆ. ಸಾಲದಲ್ಲಿ ಮುಳುಗಿದವರಲ್ಲಿ ಖಿನ್ನತೆ ಸಾಮಾನ್ಯ. 'ನಾನಿದ್ದು ಏನು ಪ್ರಯೋಜನ', 'ನಾನು ಹೋದರೆ ನೀವಾದರೂ ನೆಮ್ಮದಿಯಾಗಿರುತ್ತೀರಿ' ಎಂಬಂಥ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಹಣದ ಮಾತು ಆಮೇಲೆ ಆಗಲಿ.

ಚಿಕಿತ್ಸೆ ಇದೆ

ಮುಖ್ಯ ಚಿಕಿತ್ಸೆ ಮಾತಿನದು. ಯಾವ ಹೊತ್ತಿನಲ್ಲಿ ಆಸೆ ಕೆರಳುತ್ತದೆ, ಸಂಬಳದ ದಿನವೋ, ಜಗಳದ ನಂತರವೋ, ಒಂಟಿ ರಾತ್ರಿಯೋ ಎಂಬುದನ್ನು ಗುರುತಿಸಿ, ಆ ಹೊತ್ತನ್ನು ದಾಟುವ ಉಪಾಯಗಳನ್ನು ಕಲಿಸಲಾಗುತ್ತದೆ. 'ಮುಂದಿನ ಆಟ ನನ್ನದೇ' ಎಂಬಂಥ ತಪ್ಪು ನಂಬಿಕೆಗಳನ್ನು ತಿದ್ದಲಾಗುತ್ತದೆ. ಆಸೆ ಅಲೆಯಂತೆ ಏರುತ್ತದೆ, ತಡೆದುಕೊಂಡರೆ ಇಳಿಯುತ್ತದೆ. ಕೆಲವರಿಗೆ ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಸೆಳೆತ ತಗ್ಗಿಸಲು ನೆರವಾಗುತ್ತದೆ. ಖಿನ್ನತೆಯಿದ್ದರೆ ಅದಕ್ಕೂ ಔಷಧ ಬೇಕು. ಇವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಇಂಟರ್ನೆಟ್ಟುಗಳ ಗೀಳಿಗೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. ಹೊರಗೆ ಹೋಗಲು ಸಂಕೋಚವಿದ್ದರೆ 14416ಕ್ಕೆ ಫೋನು ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ 'ಟೆಲಿ ಮಾನಸ್' ಸೇವೆ ಉಚಿತ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲಿ ಮಾತನಾಡುತ್ತಾರೆ. ರೋಗಿ ಬರಲು ಒಪ್ಪದಿದ್ದರೆ ಮನೆಯವರೇ ಮೊದಲು ಮಾತನಾಡಬಹುದು.

ಗುಣವಾಗುವ ದಾರಿಯಲ್ಲಿ ಎಡವುವುದುಂಟು. ಒಮ್ಮೆ ಎಡವಿದರೆ ಎಲ್ಲ ಮುಗಿಯಿತೆಂದಲ್ಲ. ಎಡವಿದ್ದನ್ನು ಬಂದು ಹೇಳುವ ಧೈರ್ಯ ಮನೆಯಲ್ಲಿ ಸಿಗಬೇಕು.

ನಮ್ಮ ಮೇಷ್ಟ್ರು ಅಂದು ನನ್ನ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಪಟ್ಟಿ ಬರೆದರು. ಎರಡು ಗಂಟೆ ಹಿಡಿಯಿತು. ಹದಿನೇಳು ಹೆಸರುಗಳಿದ್ದವು. ಮಾವನವರಿಂದ ಈ ಸಲ ಹಣ ಬರಲಿಲ್ಲ, ಕಂತುಗಳಾದವು. ಎಂಟನೆಯ ತಿಂಗಳು ಒಮ್ಮೆ ಆಡಿ ಎರಡು ಸಾವಿರ ಕಳೆದರು, ಅಂದು ರಾತ್ರಿಯೇ ಹೆಂಡತಿಗೆ ಹೇಳಿದರು. ಸಾಲ ಇನ್ನೂ ಮೂರು ವರ್ಷದ್ದಿದೆ. ಮೊನ್ನೆ ಜೂನ್‌ನಲ್ಲಿ ಮಗಳ ಶುಲ್ಕದ ಹಣವನ್ನು ಹೆಂಡತಿ ಎಣಿಸಿ ಅವರ ಕೈಗೇ ಕೊಟ್ಟರಂತೆ. ಅವರು ಶಾಲೆಗೆ ಹೋಗಿ ಕಟ್ಟಿ, ರಸೀದಿ ತಂದು ಬೀರುವಿನಲ್ಲಿಟ್ಟರು.